ಸೆಕೆಯ ಊರಿನಲ್ಲಿ ಎರಡು ತುಂಡಿನ ಕೊಲೊಸ್ಟಮಿ ಬ್ಯಾಗು: ಕೀಮೋ ತಿಂಗಳುಗಳಿಗೆ ಯಾವುದು ಸರಿ?

ಕರುಳಿನ ಕ್ಯಾನ್ಸರಿನ ಆಪರೇಷನ್ ಮುಗಿಸಿ ಅಪ್ಪನೋ ಅಮ್ಮನೋ ಮಂಗಳೂರಿನಿಂದ ಮನೆಗೆ ಬಂದ ಮೊದಲ ವಾರ ಮನೆಮಂದಿಯನ್ನು ಹೆಚ್ಚು ಕಾಡುವುದು ಹೊಟ್ಟೆಗೆ ಅಂಟಿಸಿದ ಬ್ಯಾಗು. ಮಲ ಹೋಗಲು ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ಹೊರಗೆ ತರುವುದು ಕೊಲೊಸ್ಟಮಿ, ಹಾಗೆ ಹೊರಗೆ ಕಾಣುವ ಕರುಳಿನ ಬಾಯಿಯೇ ಸ್ಟೋಮಾ. ಆಸ್ಪತ್ರೆಯಲ್ಲಿ ಕೊಟ್ಟದ್ದು ನಾಲ್ಕು ದಿನಕ್ಕೆ ಮುಗಿಯುತ್ತದೆ. ಊರಿನ ಮೆಡಿಕಲ್‌ನಲ್ಲಿ ಕೇಳಿದರೆ ತರಿಸಿ ಕೊಡುತ್ತೇವೆ ಎನ್ನುತ್ತಾರೆ. ಬಂದದ್ದು ಅಳತೆಗೆ ಕೂರುವುದಿಲ್ಲ.

ಬ್ಯಾಗಿನಲ್ಲಿ ಎರಡು ಜಾತಿ. ಒಂದು ತುಂಡಿನದರಲ್ಲಿ ಅಂಟು, ಚೀಲ ಒಟ್ಟಿಗೇ ಇರುತ್ತವೆ. ಎರಡು ತುಂಡಿನದರಲ್ಲಿ ಚರ್ಮಕ್ಕೆ ಅಂಟುವ ಪ್ಲೇಟು ಬೇರೆ, ಅದರ ಉಂಗುರಕ್ಕೆ ಡಬ್ಬದ ಮುಚ್ಚಳದ ಹಾಗೆ ಒತ್ತಿ ಕೂರಿಸುವ ಚೀಲ ಬೇರೆ. ಕೀಮೋ ನಡೆಯುವಷ್ಟು ಕಾಲ ನಮ್ಮ ಆಯ್ಕೆ ಎರಡು ತುಂಡಿನದು; ಅದರಲ್ಲೂ ಕೆಳಗೆ ಬಾಯಿ ತೆರೆಯುವ, ವೆಲ್ಕ್ರೋ ಅಂಟಿನದು. ಕ್ಲಿಪ್ ಹಾಕುವ ಚೀಲ ತುಸು ಅಗ್ಗವಿರಬಹುದು, ಆದರೆ ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಮದ್ದು ಹೋದವರ ಬೆರಳ ತುದಿ ಜೋಮು ಹಿಡಿಯುತ್ತದೆ, ತಣ್ಣೀರು ಮುಟ್ಟಿದರೆ ಸೂಜಿ ಚುಚ್ಚಿದ ಹಾಗಾಗುತ್ತದೆ. ಆ ಬೆರಳಿಗೆ ಗಟ್ಟಿ ಕ್ಲಿಪ್ಪು ಆಗುವ ಮಾತಲ್ಲ. ಅರ್ಧ ಕೂತ ಕ್ಲಿಪ್ಪು ರಾತ್ರಿ ಮಗ್ಗುಲು ತಿರುಗುವಾಗ ಬಿಚ್ಚಿಕೊಳ್ಳುತ್ತದೆ. ವೆಲ್ಕ್ರೋವನ್ನು ಮೂರು ಸಲ ಮಡಚಿ, ಅಂಗೈಯಿಂದ ಒತ್ತಿದರೆ ಸಾಕು.

ತಾನಾಗಿ ಅಂಟುವ ಚೀಲದ ಯೋಚನೆ 1954ರಲ್ಲಿ, ಸೋದರಿಗೆ ಸ್ಟೋಮಾ ಆದಾಗ, ಡೆನ್ಮಾರ್ಕಿನ ನರ್ಸ್ ಎಲಿಸೆ ಸೊರೆನ್‌ಸೆನ್ ಅವರಿಗೆ ಬಂತು. ಅದು ಚಳಿ ದೇಶ. ಮಂಜೇಶ್ವರದ ಏಪ್ರಿಲ್-ಮೇ ಸೆಕೆಯಲ್ಲಿ ಬೆವರು ಅಂಟಿನಡಿಗೆ ಇಳಿದೇ ಇಳಿಯುತ್ತದೆ. ತಂಪಿನ ದಿನಗಳಲ್ಲಿ ನಾಲ್ಕೈದು ದಿನ ಬರುವ ಪ್ಲೇಟಿಗೆ ಇಲ್ಲಿ ಮೂರೇ ದಿನ ಎಂದು ಲೆಕ್ಕ ಹಾಕಿ. ಅಂದರೆ ತಿಂಗಳಿಗೆ 10 ಪ್ಲೇಟು. ಅಂಚು ಬಿಳಿಯಾಗಿ ಉಬ್ಬಿದರೆ, ಅಡಿಯಲ್ಲಿ ತುರಿಸಿದರೆ, ಮೂರು ದಿನಕ್ಕೂ ಕಾಯಬೇಡಿ. ಸೋರಿದ್ದನ್ನು ಪ್ಲಾಸ್ಟರ್ ಹಚ್ಚಿ ಮುಚ್ಚಿದರೆ ಮಲ ಒಳಗೇ ನಿಂತು ಚರ್ಮ ಹಸಿಗಾಯವಾಗುತ್ತದೆ, ಹಸಿ ಚರ್ಮಕ್ಕೆ ಮುಂದಿನ ಪ್ಲೇಟು ಹಿಡಿಯುವುದಿಲ್ಲ.

ಕೊಳ್ಳುವಾಗ ಪ್ಲೇಟಿನ ಉಂಗುರದ ಅಳತೆ, ಚೀಲದ ಅಳತೆ, ಕಂಪನಿ ಮೂರೂ ಒಂದೇ ಇರಲಿ. 57 ಮಿ.ಮೀ. ಪ್ಲೇಟಿಗೆ 50ರ ಚೀಲ ಕೂರುವುದಿಲ್ಲ. ಖಾಲಿ ಪೆಟ್ಟಿಗೆಯ ಲೇಬಲ್ಲಿನ ಫೋಟೊ ಮೊಬೈಲಿನಲ್ಲಿಟ್ಟು ಅಂಗಡಿಗೆ ತೋರಿಸುವುದು ಉತ್ತಮ. ಉಂಗುರ ಒಂದೇ ಆದರೂ ನಡುವಿನ ತೂತನ್ನು ನಾವೇ ಕತ್ತರಿಸಬೇಕು. ಆಪರೇಷನ್ ಆದ ಆರರಿಂದ ಎಂಟು ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ, ಹಾಗಾಗಿ ವಾರಕ್ಕೊಮ್ಮೆ ಅಳೆಯಿರಿ. ಮೊದಲ ದಿನ ಕತ್ತರಿಸಿದ ಅಳತೆಯನ್ನೇ ಎರಡು ತಿಂಗಳು ಮುಂದುವರಿಸುವುದು ನಮ್ಮ ಕಡೆ ಹೆಚ್ಚಾಗಿ ಆಗುವ ತಪ್ಪು.

ಪ್ಲೇಟು ಬದಲಿಸಲು ಬೆಳಿಗ್ಗೆ, ಚಹಾಕ್ಕೂ ಮೊದಲು, ಒಳ್ಳೆಯ ಹೊತ್ತು. ಆಗ ಕರುಳು ಸುಮ್ಮನಿರುತ್ತದೆ. ಹಳೆಯದನ್ನು ಮೇಲಿನಿಂದ ಕೆಳಕ್ಕೆ, ಒಂದು ಕೈಯಲ್ಲಿ ಚರ್ಮ ಒತ್ತಿಕೊಂಡು, ಬೆಚ್ಚನೆ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಬಿಡಿಸಿ. ತೊಳೆಯಲು ನೀರೇ ಸಾಕು. ತೆಂಗಿನೆಣ್ಣೆ, ಡೆಟಾಲ್, ಎಣ್ಣೆಯಂಶದ ಸೋಪು ಬೇಡ. ಅಜ್ಜಿಯರು ಎಷ್ಟು ಒತ್ತಾಯಿಸಿದರೂ ಎಣ್ಣೆ ಬೇಡವೇ ಬೇಡ. ಮೆತ್ತಗೆ ಒರೆಸಿ, ಫ್ಯಾನಿನಡಿ ಪೂರ್ತಿ ಒಣಗಿಸಿ. ತೂತನ್ನು ಸ್ಟೋಮಾಕ್ಕಿಂತ 2-3 ಮಿ.ಮೀ. ದೊಡ್ಡದಾಗಿ ಕತ್ತರಿಸಿ, ಅಂಚನ್ನು ಬೆರಳಿನಿಂದ ಸವರಿ ನುಣುಪು ಮಾಡಿ. ಪ್ಲೇಟನ್ನು ಅಂಗೈಗಳ ನಡುವೆ ಒಂದು ನಿಮಿಷ ಬೆಚ್ಚಗೆ ಮಾಡಿ ಅಂಟಿಸಿ, ಮತ್ತೆರಡು ನಿಮಿಷ ಅದರ ಮೇಲೆ ಅಂಗೈ ಇಟ್ಟಿರಿ. ಸ್ಟೋಮಾ ಪೇಸ್ಟು ಅಂಟಲ್ಲ, ತಗ್ಗು ತುಂಬುವ ಗಾರೆ. ಹೆಚ್ಚು ಬಳಿದರೆ ಪ್ಲೇಟೇ ಜಾರುತ್ತದೆ. ಹಲವು ಪೇಸ್ಟುಗಳಲ್ಲಿ ಆಲ್ಕೋಹಾಲ್ ಇರುವುದರಿಂದ ಗಾಯದ ಚರ್ಮಕ್ಕೆ ಉರಿಯುತ್ತದೆ. ಅಂಥಲ್ಲಿಗೆ ಸ್ಟೋಮಾ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ.

ಸ್ಟೋಮಾ, ನಮ್ಮ ಬಾಯಿಯ ಒಳಗಿನ ಕೆನ್ನೆಯ ಹಾಗೆ, ಕೆಂಪಗೆ, ಒದ್ದೆಯಾಗಿರಬೇಕು. ಒರೆಸುವಾಗ ಚೂರು ರಕ್ತ ಬಂದರೆ ಗಾಬರಿ ಬೇಡ. ನೇರಳೆ, ಕಪ್ಪು ಬಣ್ಣಕ್ಕೆ ತಿರುಗಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ.

ಎರಡು ತುಂಡಿನದರ ಮುಖ್ಯ ದೋಷ, ಚೀಲ ಕೂರಿಸಲು ಒತ್ತಬೇಕಾದದ್ದು. ಹೊಲಿಗೆ ಮಾಗದ ಹೊಟ್ಟೆಗೆ ಅದು ನೋವು. ಮೊದಲ ವಾರಗಳಲ್ಲಿ ಚೀಲವನ್ನು ಪ್ಲೇಟಿಗೆ ಕೈಯಲ್ಲೇ ಸಿಕ್ಕಿಸಿ, ನಂತರ ಎರಡನ್ನೂ ಒಟ್ಟಿಗೆ ಅಂಟಿಸಬಹುದು. ಇನ್ನೊಂದು ದೋಷ ಉಂಗುರದ ಉಬ್ಬು: ಮುಂಡಿನ ಗಂಟು, ಸೀರೆ ಲಂಗದ ಲಾಡಿ ಸರಿಯಾಗಿ ಅದರ ಮೇಲೇ ಬರುತ್ತವೆ. ಲಾಡಿಯನ್ನು ಮೇಲೆ ಕಟ್ಟಿ, ಇಲ್ಲವೇ ಕೆಲವು ತಿಂಗಳು ನೈಟಿ ಹಾಕಿ. ಕುಕ್ಕುರುಗಾಲಲ್ಲಿ ಕೂತು ಅಡಿಕೆ ಹೆಕ್ಕಿದರೆ ಹೊಟ್ಟೆ ಮಡಿಕೆಯಾಗಿ ಪ್ಲೇಟಿನ ಕೆಳ ಅಂಚು ಎದ್ದೇಳುತ್ತದೆ. ಹೊಟ್ಟೆಯಲ್ಲಿ ಮಡಿಕೆ ಹೆಚ್ಚಿದ್ದವರಿಗೆ ಬಳುಕುವ ಒಂದು ತುಂಡಿನದೇ ಮೇಲು. ಗಾಳಿ ಬಿಡುವ ಫಿಲ್ಟರ್ ಸ್ನಾನದಲ್ಲಿ ಒದ್ದೆಯಾದರೆ ಕಟ್ಟಿಕೊಳ್ಳುತ್ತದೆ, ಪೆಟ್ಟಿಗೆಯೊಳಗಿನ ಸಣ್ಣ ಸ್ಟಿಕ್ಕರ್ ಇರುವುದು ಆಗ ಅದನ್ನು ಮುಚ್ಚಲಿಕ್ಕೇ. ಗಾಳಿ ತುಂಬಿತೆಂದು ಸೂಜಿಯಿಂದ ಚುಚ್ಚಿದರೆ ಚೀಲ ಕೆಟ್ಟಿತೆಂದೇ ಲೆಕ್ಕ.

ಚೀಲ ಮೂರನೇ ಒಂದು ಭಾಗ ತುಂಬುವಾಗಲೇ ಖಾಲಿ ಮಾಡಿ, ಇಲ್ಲದಿದ್ದರೆ ಭಾರಕ್ಕೆ ಪ್ಲೇಟು ಕಿತ್ತು ಬರುತ್ತದೆ. ಕೀಮೋ ಆದ 48 ಗಂಟೆ ಕೈಗವಸು ಹಾಕಿ, ಕಕ್ಕಸಿಗೆ ಎರಡು ಸಲ ನೀರು ಬಿಡಿ, ಮದ್ದಿನ ಅಂಶ ಮಲಮೂತ್ರದಲ್ಲಿರುತ್ತದೆ. ಮಲ ನೀರಾಗಿ ನಿಲ್ಲದಿದ್ದರೆ ಒಆರ್‌ಎಸ್ ಕೊಟ್ಟು ಕೀಮೋ ವಾರ್ಡಿಗೆ ಫೋನು ಮಾಡಿ. ಊಟಕ್ಕೆ ಮೊದಮೊದಲು ಕುಚ್ಚಲಕ್ಕಿ ಗಂಜಿ, ಮಜ್ಜಿಗೆ ಆಗುತ್ತದೆ. ಹಲಸಿನ ಬೇಳೆ, ಹುರುಳಿ ತಿಂದ ದಿನ ಬ್ಯಾಗು ಬಲೂನಾಗುತ್ತದೆ. ಸಣ್ಣ ಕರುಳಿನಿಂದ ಇಲಿಯೊಸ್ಟಮಿ ಮಾಡಿದ್ದರೆ ಕಣಿಲೆ, ಹಲಸಿನ ತೊಳೆ ದಾರಿಯನ್ನೇ ಕಟ್ಟಬಹುದು.

ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರವೂ ಇಡಬೇಡಿ, ಫ್ರಿಜ್ಜಿನಲ್ಲೂ ಇಡಬೇಡಿ. ಹರತಾಳ, ಮಳೆ ಎಂದು ರಸ್ತೆ ನಿಲ್ಲುವ ಊರು ನಮ್ಮದು, ಎರಡು ವಾರದ ಸಾಮಾನು ಮೊದಲೇ ಮನೆಯಲ್ಲಿರಲಿ. ಪಂಚಾಯತ್ ಪಾಲಿಯೇಟಿವ್ ನರ್ಸ್ ಮನೆಗೆ ಬಂದಾಗ ಒಮ್ಮೆ ಅವರೆದುರಿಗೇ ಬದಲಿಸಿ, ಕೈ ಎಲ್ಲಿ ತಪ್ಪುತ್ತದೆ ಎಂದು ಅವರು ತೋರಿಸುತ್ತಾರೆ. ಕೀಮೋಗೆ ರೈಲಿನಲ್ಲಿ ಹೊರಡುವ ದಿನ ತೂತು ಕತ್ತರಿಸಿಟ್ಟ ಒಂದು ಪ್ಲೇಟು, ಎರಡು ಚೀಲ, ಒದ್ದೆ ಬಟ್ಟೆ, ಒಣ ಬಟ್ಟೆ, ಒಂದು ಮುಂಡು, ಗಂಟು ಹಾಕಲು ಎರಡು ಪ್ಲಾಸ್ಟಿಕ್ ಕವರು ಕೈಚೀಲದಲ್ಲಿರಲಿ. ಓಡುವ ರೈಲಿನ ಕಕ್ಕಸಿನಲ್ಲಿ ನಿಂತು ಕತ್ತರಿ ಹಿಡಿಯುವುದು ಆಗದ ಕೆಲಸ.