ಅಂಗಿಯೊಳಗಿನ .32: ಕರಾವಳಿಯ ಬೆವರಿನಲ್ಲಿ ಒಂದು ಪುಟ್ಟ ಪಿಸ್ತೂಲು

ಕೊಂಡ ವಾರದಲ್ಲೇ ಬರೆಯಲು ಕುಳಿತಿದ್ದರೆ ಈ ವಿಮರ್ಶೆ ಬರೀ ಹೊಗಳಿಕೆಯಲ್ಲಿ ಮುಗಿಯುತ್ತಿತ್ತು. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು, ಅಂಗಿ ಇಳಿಬಿಟ್ಟರೆ ಹೊರಗೆ ಗೊತ್ತೇ ಆಗುವುದಿಲ್ಲ, ನೋಡಲೂ ಚಂದ. 2023ರ ಕೊನೆಗೆ ತಂದ ಈ .32 ಬೋರಿನ (ಬೋರು ಎಂದರೆ ನಳಿಗೆಯ ಒಳಅಗಲ, ಇಲ್ಲಿ ಸುಮಾರು 0.32 ಅಂಗುಲ) ಪಿಸ್ತೂಲು ಅಲ್ಲಿಂದ ಈಚೆಗೆ ಮಂಗಳೂರಿನ ಸೆಖೆ, ಆಟಿ ತಿಂಗಳ ಮಳೆ, ಒಂದು ಲೋಕಸಭಾ ಚುನಾವಣೆ, ಕಲ್ಲಡ್ಕದ ರಸ್ತೆಯ ಧೂಳು ಎಲ್ಲವನ್ನೂ ಕಂಡಿದೆ. ಹೊಗಳಿಕೆ ಪೂರ್ತಿ ಬತ್ತಿಲ್ಲ, ಆದರೆ ಜಾಗ ಬದಲಾಯಿಸಿದೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ. ನಾನು ಹೇಳುವ ದೂರುಗಳಲ್ಲಿ ಕೆಲವು ನನ್ನ ಕೈಗೆ ಬಂದ ಒಂದು ಪಿಸ್ತೂಲಿಗೆ ಮಾತ್ರ ಸೇರಿದವಾಗಿರಬಹುದು.

ನಮ್ಮದು ಬಂದರಿನಲ್ಲಿ ಅಡಿಕೆ ಮತ್ತು ಕಾಳುಮೆಣಸಿನ ವ್ಯಾಪಾರ. ವಿಟ್ಲ, ಪುತ್ತೂರು, ಉಪ್ಪಿನಂಗಡಿ ಕಡೆ ಓಡಾಟ ಇದ್ದೇ ಇರುತ್ತದೆ. ಹಿಂದಿರುಗುವಾಗ ಕತ್ತಲಾಗುವುದೂ ಉಂಟು. ತೋಟದ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಅಪ್ಪನ ಕಾಲದ ಒಂಟಿ ನಳಿಗೆಯ ಕೋವಿ ಇದೆ, ಹಾಗಾಗಿ ಲೈಸೆನ್ಸಿನ ಕಾಗದಪತ್ರದ ಹಾದಿ ಹೊಸದೇನಲ್ಲ. ಆದರೆ ಹಂದಿ ಓಡಿಸುವ ಕೋವಿ ಬೇರೆ, ಸೊಂಟದಲ್ಲಿ ಹೊತ್ತು ತಿರುಗುವ ಪಿಸ್ತೂಲು ಬೇರೆ. ಆತ್ಮರಕ್ಷಣೆಗೆ ಎಂದು ಅರ್ಜಿ ಹಾಕಿದರೆ ಕಾರಣ ಕೇಳುತ್ತಾರೆ, ಠಾಣೆಯಿಂದ ವರದಿ ತರಿಸುತ್ತಾರೆ, ಸುರಕ್ಷಿತವಾಗಿ ಬಳಸಲು ಕಲಿತ ಪ್ರಮಾಣಪತ್ರ ಬೇಕೆನ್ನುತ್ತಾರೆ. ನಗರ ವ್ಯಾಪ್ತಿಯವರಿಗೆ ಪೊಲೀಸ್ ಕಮಿಷನರ್ ಕಚೇರಿ, ಹೊರಗಿನವರಿಗೆ ಜಿಲ್ಲಾಧಿಕಾರಿ ಕಚೇರಿ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮೊದಲು ಮೂರರವರೆಗೆ ಇಡಬಹುದಿತ್ತು. ಲೈಸೆನ್ಸಿನ ಅವಧಿ ಮಾತ್ರ ಮೂರು ವರ್ಷದಿಂದ ಐದಕ್ಕೆ ಏರಿದೆ, ಅಷ್ಟು ಅಲೆದಾಟ ಕಡಿಮೆ.

ಚಿಕ್ಕಪ್ಪನ ಮಗ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿ 2021ರ ಸೆಪ್ಟೆಂಬರಿನಿಂದ ಅರ್ಹ ವಯಸ್ಕರು ಪರವಾನಗಿಯೇ ಇಲ್ಲದೆ ಕೈಬಂದೂಕು ಹೊತ್ತು ತಿರುಗಬಹುದು. ಅವನ ಬಳಿ ಇರುವುದು ಸಿಗ್ ಸೌರ್ ಕಂಪನಿಯ ಪಿ365 ಪಿಸ್ತೂಲು. 2018ರಲ್ಲಿ ಅದು ಬಂದಾಗ ಅಷ್ಟು ಸದ್ದಾದದ್ದೇಕೆಂದರೆ, ಒಂದಂಗುಲ ದಪ್ಪದ ಪಿಸ್ತೂಲಿನ ಮ್ಯಾಗಜಿನ್‌ನಲ್ಲಿ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) 9 ಮಿ.ಮೀ.ನ ಹತ್ತು ಗುಂಡು ಹಿಡಿಸಿದ್ದರು. ಅಲ್ಲಿಯವರೆಗೆ ಆ ಗಾತ್ರದವು ಆರೇಳು ಗುಂಡಿಗೆ ತೃಪ್ತಿಪಡುತ್ತಿದ್ದವು. ಮರುವರ್ಷ ಸ್ಪ್ರಿಂಗ್‌ಫೀಲ್ಡ್ ಕಂಪನಿಯ ಹೆಲ್‌ಕ್ಯಾಟ್ ಬಂದು ಹನ್ನೊಂದು ಎಂದಿತು. ಈಗ ಅದೊಂದು ಪ್ರತ್ಯೇಕ ಜಾತಿಯೇ ಆಗಿಬಿಟ್ಟಿದೆ. ಅವನು ವಿಡಿಯೊ ಕರೆಯಲ್ಲಿ ಅದನ್ನು ಬಿಚ್ಚಿ ತೋರಿಸಿ, “ಅಣ್ಣಾ, ಇಂಥದ್ದು ಅಲ್ಲಿ ಸಿಗುವುದಿಲ್ಲವೇ?” ಎಂದು ಕೇಳಿದ. ಸಿಗುವುದಿಲ್ಲ. 9 ಮಿ.ಮೀ. ಪ್ಯಾರಾಬೆಲ್ಲಮ್ ಎಂಬ ಆ ಗುಂಡು ನಮ್ಮ ದೇಶದಲ್ಲಿ ನಿಷೇಧಿತ ಬೋರಿನ ಪಟ್ಟಿಗೆ ಸೇರಿದ್ದು. ಎಂಬತ್ತರ ದಶಕದ ನಡುವಿನಿಂದ ಸಾಮಾನ್ಯರಿಗೆ ವಿದೇಶಿ ಬಂದೂಕುಗಳ ಆಮದೂ ನಿಂತುಹೋಗಿದೆ. ಆದ್ದರಿಂದಲೇ ಅಜ್ಜಂದಿರ ಕಾಲದ ವಾಲ್ಟರ್, ವೆಬ್ಲಿಯಂಥ ವಿದೇಶಿ ಕೈಬಂದೂಕುಗಳಿಗೆ ಇಲ್ಲಿ ಜಾಗದ ಬೆಲೆ. ನಮ್ಮಂಥವರ ಪಾಲಿಗೆ ಉಳಿಯುವುದು .32. ರಿವಾಲ್ವರ್ ಬೇಕೆಂದರೆ ಕಾನ್ಪುರದಲ್ಲಿ ತಯಾರಾಗುವ 2014ರ ನಿರ್ಭೀಕ್ ಇದೆ, 2023ರಲ್ಲಿ ಬಂದ ಪ್ರಬಲ್ ಇದೆ. ನನಗೆ ಚಪ್ಪಟೆಯಾದದ್ದು ಬೇಕಿತ್ತು, ಪಿಸ್ತೂಲು ಆರಿಸಿದೆ. ರಿವಾಲ್ವರಿನ ಉಬ್ಬಿದ ಹೊಟ್ಟೆ ನಮ್ಮ ತೆಳು ಹತ್ತಿ ಅಂಗಿಯ ಕೆಳಗೆ ಅವಿತುಕೊಳ್ಳುವ ಪೈಕಿಯಲ್ಲ.

.32 ಎಸಿಪಿ ಎಂಬ ಈ ತೋಟೆ (ಗುಂಡು) ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದ್ದು. 9 ಮಿ.ಮೀ.ಗೆ ಹೋಲಿಸಿದರೆ ಶಕ್ತಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಇದನ್ನು ಕೇಳಿ ಮೂಗು ಮುರಿಯುವವರಿದ್ದಾರೆ. ಇರಲಿ. ಕಡಿಮೆ ಶಕ್ತಿಯ ಲಾಭವೂ ಇದೆ: ಇಷ್ಟು ಪುಟ್ಟ ಪಿಸ್ತೂಲು ಕೈಯಲ್ಲಿ ಹಾರುವುದಿಲ್ಲ, ಎರಡನೇ ಗುಂಡಿಗೆ ಗುರಿ ಬೇಗ ಮರಳುತ್ತದೆ. ಆದರೆ ಒಂದು ತಮಾಷೆ ಇದೆ. ಗುಂಡು ಸೌಮ್ಯ, ಸ್ಲೈಡ್ (ನಳಿಗೆಯ ಮೇಲೆ ಹಿಂದೆ ಮುಂದೆ ಜಾರುವ ಉಕ್ಕಿನ ಭಾಗ) ಮಾತ್ರ ಒರಟು. ಈ ಬಗೆಯ ಪಿಸ್ತೂಲಿನಲ್ಲಿ ನಳಿಗೆಗೂ ಸ್ಲೈಡಿಗೂ ನಡುವೆ ಬೀಗದಂಥ ವ್ಯವಸ್ಥೆ ಇರುವುದಿಲ್ಲ; ಹಿಂದಕ್ಕೆ ನುಗ್ಗುವ ಸ್ಲೈಡನ್ನು ತಡೆಯುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಸ್ಲೈಡ್ ಪುಟ್ಟದಾದಷ್ಟೂ ಸ್ಪ್ರಿಂಗ್ ಬಿಗಿಯಾಗಬೇಕು. ಏಪ್ರಿಲ್ ಮಧ್ಯಾಹ್ನ ಬೆವರಿದ ಬೆರಳಿನಲ್ಲಿ ಅದನ್ನು ಹಿಂದಕ್ಕೆಳೆದು ನೋಡಿ, ಗೊತ್ತಾಗುತ್ತದೆ. ಹಿಂಬದಿಯ ಗೀರುಗಳು ಆಳವಿಲ್ಲ, ಬೆರಳು ಜಾರುತ್ತದೆ. ನನ್ನ ಹೆಂಡತಿಗೆ ಸಾಧ್ಯವೇ ಆಗಲಿಲ್ಲ. ಮನೆಯ ಹಿರಿಯರ ರಕ್ಷಣೆಗೆಂದು ಇಂಥದ್ದನ್ನು ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಆ ಹಿರಿಯರ ಕೈಯಿಂದಲೇ ಖಾಲಿ ಪಿಸ್ತೂಲನ್ನು ಎಳೆಸಿ ನೋಡಬೇಕು.

ಇನ್ನೊಂದು ಸೂಕ್ಷ್ಮ ಇದೆ, ಅಂಗಡಿಯವರು ಹೇಳುವುದಿಲ್ಲ. .32 ಎಸಿಪಿ ತೋಟೆಯ ತಳದ ಅಂಚು ಮೈಗಿಂತ ತುಸುವೇ ಅಗಲ. ಉಗುರಿನಿಂದ ಸವರಿದರೆ ತಡೆದಂತಾಗುತ್ತದೆ, ಅಷ್ಟೇ. ಮ್ಯಾಗಜಿನ್‌ಗೆ ತುಂಬುವಾಗ ಪ್ರತಿ ಹೊಸ ಗುಂಡಿನ ಅಂಚು ಅದರ ಕೆಳಗಿನ ಗುಂಡಿನ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕುಳಿತರೆ ಮೇಲಿನದು ಮುಂದೆ ಸರಿಯುವಾಗ ಕೆಳಗಿನದಕ್ಕೆ ಕೊಕ್ಕೆ ಹಾಕಿ ನಿಲ್ಲುತ್ತದೆ. ಸ್ಲೈಡನ್ನು ಎಷ್ಟು ಎಳೆದರೂ ಪ್ರಯೋಜನವಿಲ್ಲ, ಮ್ಯಾಗಜಿನ್ ಕಳಚಿ, ಗುಂಡುಗಳನ್ನು ಒಂದೊಂದಾಗಿ ತೆಗೆದು ಮತ್ತೆ ತುಂಬಬೇಕು. ಗುರಿ ಅಭ್ಯಾಸದ ರೇಂಜಿನಲ್ಲಿ ನನಗೆ ಹಾಗೆ ಸಿಕ್ಕಿಕೊಂಡದ್ದಿದೆ. ಈಗ ತುಂಬುವಾಗ ಅವಸರ ಮಾಡುವುದಿಲ್ಲ. ತುಂಬಿದ ಮೇಲೆ ಪಕ್ಕದ ಕಂಡಿಗಳಲ್ಲಿ ಅಂಚುಗಳನ್ನು ನೋಡಿ, ಮ್ಯಾಗಜಿನ್‌ನ ಬೆನ್ನನ್ನು ಅಂಗೈಗೆ ಎರಡು ಬಾರಿ ತಟ್ಟಿ ಮುಗಿಸುತ್ತೇನೆ. ಕೆ.ಎಫ್. ಎಂದು ತಳದಲ್ಲಿ ಮುದ್ರೆ ಇರುವ ಖಡ್ಕಿಯ ಗುಂಡುಗಳು ನನ್ನ ಪಿಸ್ತೂಲಿನಲ್ಲಿ ತಕರಾರಿಲ್ಲದೆ ಓಡಿವೆ. ಆದರೆ ಅಭ್ಯಾಸಕ್ಕೆ ಸುರಿಯಲು ಗುಂಡು ಸಿಗುವುದಿಲ್ಲ. ಲೈಸೆನ್ಸಿನಲ್ಲಿ ಬರೆದ ಸಂಖ್ಯೆಯೇ ಮಿತಿ, ಬೆಲೆಯೋ ಕೈ ಸುಡುವಂಥದ್ದು. ಟೆಕ್ಸಾಸಿನ ತಮ್ಮ ಒಂದು ಭಾನುವಾರ ಖರ್ಚು ಮಾಡುವಷ್ಟು ಗುಂಡು ನನಗೆ ವರ್ಷಕ್ಕೂ ಸಿಕ್ಕದು. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿಗೆ ಹೋದವರಿಗೆ ಕೈ ಕೂರುವುದಾದರೂ ಬರುತ್ತದೆ. ಆ ಶಿಬಿರವನ್ನು ಮಾಡದೆ ಪಿಸ್ತೂಲು ಕೊಳ್ಳುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಹಿಡಿ ಚಿಕ್ಕದು, ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ. ಟ್ರಿಗರ್ ಸುಮಾರು, ಹೊಗಳುವಂತೆಯೂ ಇಲ್ಲ, ಬೈಯುವಂತೆಯೂ ಇಲ್ಲ. ಗುರಿ ನೋಡುವ ಮುಂದಿನ ಸೈಟ್ ಕರಿಯ ಮೇಲೆ ಕರಿ, ಸಂಜೆಯ ಬೆಳಕಿನಲ್ಲಿ ಮಾಯ. ನಾನು ಬಿಳಿ ಬಣ್ಣದ ಚುಕ್ಕೆ ಇಟ್ಟುಕೊಂಡಿದ್ದೇನೆ.

ಹೊತ್ತುಕೊಳ್ಳುವ ವಿಷಯಕ್ಕೆ ಬರೋಣ, ಕೊಂಡದ್ದೇ ಅದಕ್ಕಲ್ಲವೇ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಹೋಲ್‌ಸ್ಟರಿನಲ್ಲಿ (ಮೈಗೆ ಕಟ್ಟಿಕೊಳ್ಳುವ ಒರೆ) ಅಥವಾ ಅಂಥದ್ದೇ ಚೀಲದಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ಹೊತ್ತವರ ಹತೋಟಿಯಲ್ಲಿರಬೇಕು. ಹೊರಗೆ ಕಾಣಿಸುವಂತೆ ಸಿಕ್ಕಿಸಿಕೊಂಡು ಠೀವಿ ತೋರಿಸುವುದಕ್ಕೆ ಅವಕಾಶವೇ ಇಲ್ಲ. ಮದುವೆ ದಿಬ್ಬಣದಲ್ಲಿ ಗಾಳಿಗೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಎರಡೂ ಆಗಬಹುದು. ನಮ್ಮೂರಿನ ಮದುವೆಗಳಿಗೆ ಪಟಾಕಿಯೇ ಧಾರಾಳವಾಯಿತು.

ಪ್ಯಾಂಟಿನ ಒಳಬದಿಗೆ ಬಲ ಸೊಂಟದಲ್ಲಿ ಕಟ್ಟಿಕೊಂಡರೆ ಇಳಿಬಿಟ್ಟ ಅಂಗಿಯ ಕೆಳಗೆ ಪಿಸ್ತೂಲು ಕಾಣುವುದಿಲ್ಲ, ನಿಜ. ಆದರೆ ಕಾರಿನಲ್ಲಿ ಸೀಟ್ ಬೆಲ್ಟಿನ ಕೊಂಡಿ ಸರಿಯಾಗಿ ಅಲ್ಲೇ ಬಂದು ಒತ್ತುತ್ತದೆ. ಪುತ್ತೂರು ಮುಟ್ಟುವ ಹೊತ್ತಿಗೆ ಪಕ್ಕೆಯಲ್ಲಿ ಅಚ್ಚು ಬಿದ್ದಿರುತ್ತದೆ. ಒಮ್ಮೆ ನಾನು ವಾಲಿಕೊಂಡು ನಡೆಯುವುದನ್ನು ಕಂಡ ಅತ್ತೆ, “ಎಂಥ ಮಾರಾಯಾ, ಸೊಂಟ ಉಳುಕಿದೆಯಾ?” ಎಂದು ಎಲ್ಲರೆದುರು ಕೇಳಿದರು. ಪಂಚೆ ಉಟ್ಟ ದಿನ ಇದನ್ನು ಹೊರುವ ಯೋಚನೆಯನ್ನೇ ಬಿಡಬೇಕು. ಬಟ್ಟೆಯ ಬೆಲ್ಟ್ ಸುತ್ತಿಕೊಂಡರೂ ತುಂಬಿದ ಪಿಸ್ತೂಲಿನ ಭಾರಕ್ಕೆ ಪಂಚೆ ತಾಳುವುದಿಲ್ಲ, ಕಾಲು ಮಡಚಿ ಕೂತೆವೋ ಕಥೆ ಮುಗಿಯಿತು.

ಇದಕ್ಕಿಂತ ದೊಡ್ಡ ತೊಡಕು ಇಳಿಸುವುದು. ನಮ್ಮ ಕಡೆಯ ಎಷ್ಟೋ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ಅಂಗಿಯೇ ಇಲ್ಲದ ಮೇಲೆ ಮುಚ್ಚುವುದೆಲ್ಲಿ, ಆಯುಧದೊಂದಿಗೆ ದೇವರ ಮುಂದೆ ನಿಲ್ಲುವುದಾದರೂ ಹೇಗೆ? ಕಾರಿನ ಡ್ಯಾಶ್‌ಬೋರ್ಡಿನಲ್ಲಿಟ್ಟರೆ ಅದು ಹತೋಟಿ ಎನಿಸಿಕೊಳ್ಳುವುದಿಲ್ಲ; ಕಾರಿನ ಗಾಜು ಒಡೆಯುವ ಕಳ್ಳನಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ನ್ಯಾಯಾಲಯ, ವಿಮಾನ ನಿಲ್ದಾಣ, ಮಾಲ್ ಎಲ್ಲದರ ಬಾಗಿಲಲ್ಲೂ ಇದೇ ಪ್ರಶ್ನೆ. ಹೀಗಾಗಿ ಬೆಳಿಗ್ಗೆ ಹೊರಡುವ ಮೊದಲು ದಿನವಿಡೀ ಎಲ್ಲೆಲ್ಲಿಗೆ ಹೋಗಬೇಕೆಂದು ಯೋಚಿಸಿ, ಅವುಗಳಲ್ಲಿ ಒಂದು ಕಡೆಯಾದರೂ ಇಳಿಸಬೇಕಾಗಿ ಬಂದರೆ ಮನೆಯ ಲಾಕರಿನಲ್ಲೇ ಬಿಟ್ಟು ಹೋಗುತ್ತೇನೆ. ಲೆಕ್ಕ ಹಾಕಿದರೆ ಅದು ಲಾಕರಿನಲ್ಲಿರುವ ದಿನಗಳೇ ಹೆಚ್ಚು. ಪುಟ್ಟ ಪಿಸ್ತೂಲು ಎಂದರೆ ಯಾವಾಗಲೂ ಜೊತೆಯಲ್ಲಿರುತ್ತದೆ ಎಂಬ ಜಾಹೀರಾತಿನ ಮಾತು ಟೆಕ್ಸಾಸಿಗೆ ಸರಿ ಇರಬಹುದು.

ಹೋಲ್‌ಸ್ಟರಿಗೆ ಮೊದಲು ಚರ್ಮದ್ದು ತೆಗೆದುಕೊಂಡೆ. ಬೇಸಿಗೆಯಲ್ಲಿ ಅದಕ್ಕಿಂತ ಸುಖವಿಲ್ಲ, ಮೈಗೆ ಒಗ್ಗುತ್ತದೆ. ಜೂನ್ ಕಳೆಯಿತೋ, ಹೊಲಿಗೆಯ ಸಾಲಿನಲ್ಲಿ ಹಸಿರು ಮಿಶ್ರಿತ ಬಿಳಿ ಬೂಷ್ಟು. ಒರೆಸಿ ಫ್ಯಾನಿನಡಿ ಇಟ್ಟರೆ ವಾರದಲ್ಲಿ ಮತ್ತೆ ಹಾಜರು. ಚರ್ಮ ಬೆವರನ್ನು ಕುಡಿದು ಇಟ್ಟುಕೊಳ್ಳುತ್ತದೆ, ಆ ಉಪ್ಪುನೀರನ್ನು ನಿಧಾನವಾಗಿ ಉಕ್ಕಿಗೆ ಉಣಿಸುತ್ತದೆ. ಪಿಸ್ತೂಲನ್ನು ಚರ್ಮದ ಹೋಲ್‌ಸ್ಟರಿನಲ್ಲೇ ಬಿಟ್ಟು ಮಲಗುವುದು ಕರಾವಳಿಯಲ್ಲಿ ನಿಷಿದ್ಧ ಎಂದೇ ತಿಳಿಯಿರಿ. ಈಗ ಮಳೆಗಾಲಕ್ಕೆ ಗಟ್ಟಿ ಪ್ಲಾಸ್ಟಿಕ್ ಹಾಳೆಯ ಹೋಲ್‌ಸ್ಟರ್. ಚುಚ್ಚುತ್ತದೆ, ಆದರೆ ತೊಳೆದು ಒರೆಸಿ ಒಣಗಿಸಬಹುದು.

ತುಕ್ಕಿನ ಬಗ್ಗೆ ಬೇರೆಯೇ ಬರೆಯಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಮಳೆ ಇಲ್ಲದಾಗ ಉಪ್ಪುಗಾಳಿ ಬೀಸುವ ಊರು ಇದು. ಬಂದರಿನಲ್ಲಿ ಗೋದಾಮಿನ ಬೀಗವೇ ವರ್ಷದಲ್ಲಿ ಕೆಂಪಾಗುತ್ತದೆ. ನನ್ನ ಪಿಸ್ತೂಲಿಗೆ ಮೊದಲು ಕಂದು ಚುಕ್ಕೆ ಬಂದದ್ದು ಸ್ಲೈಡಿನ ಮೇಲಲ್ಲ, ಹಿಡಿಯ ಪಕ್ಕದ ತಿರುಪುಗಳ ತಲೆಗೆ, ಆಮೇಲೆ ಮ್ಯಾಗಜಿನ್‌ನ ತುಟಿಗೆ. ಸ್ಲೈಡಿಗೆ ಕೊಟ್ಟ ಕರಿ ಲೇಪನ ಗಟ್ಟಿಯಾಗಿದೆ, ಆ ಮಟ್ಟಿಗೆ ತಯಾರಕರನ್ನು ಮೆಚ್ಚಬೇಕು. ಅದೇ ಕಾಳಜಿಯನ್ನು ನಾಲ್ಕು ತಿರುಪುಗಳಿಗೂ ತೋರಿಸಿದ್ದರೆ ಏನು ಗಂಟು ಹೋಗುತ್ತಿತ್ತೋ. ಮೈಗೆ ತಾಗುವ ಬದಿಯಲ್ಲಿ ಬೆವರಿನ ದಾಳಿ ಹೆಚ್ಚು. ಹೊತ್ತ ದಿನ ರಾತ್ರಿ ಮೊದಲು ಮ್ಯಾಗಜಿನ್ ಕಳಚಿ, ಸ್ಲೈಡ್ ಎಳೆದು ನಳಿಗೆಯ ಹಿಂದೆ ಗುಂಡು ಕೂರುವ ಕೋಣೆ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಒಣ ಬಟ್ಟೆಯಲ್ಲಿ ಒರೆಸಿ, ಬಂದೂಕಿನ ಎಣ್ಣೆಯ ತೆಳು ಪದರ ಹಚ್ಚುತ್ತೇನೆ. ಅಪ್ಪ ತಮ್ಮ ಕೋವಿಗೆ ಕೊಬ್ಬರಿ ಎಣ್ಣೆ ಹಾಕುತ್ತಿದ್ದರು. ಆ ದೊಡ್ಡ ಯಂತ್ರಕ್ಕೆ ನಡೆಯುತ್ತಿತ್ತು. ಕೂದಲೆಳೆಯ ಸಂದುಗಳಿರುವ ಪಿಸ್ತೂಲಿನಲ್ಲಿ ಅದು ದಿನ ಕಳೆದಂತೆ ಅಂಟಾಗುತ್ತದೆ, ಹವಾನಿಯಂತ್ರಿತ ಕೋಣೆಯಲ್ಲಿ ಹೆಪ್ಪುಗಟ್ಟಲೂಬಹುದು. ಲಾಕರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿವೆ. ನೀಲಿ ಕಾಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುವುದು. ಗುಂಡುಗಳಿಗೆ ಬೇರೆ ಡಬ್ಬಿ, ಬೇರೆ ಬೀಗ. ಮನೆಯಲ್ಲಿ ಮಕ್ಕಳಿದ್ದಾರೆ.

ಪಿಸ್ತೂಲಿನ ಕೋಣೆಯಲ್ಲಿ ಗುಂಡಿಟ್ಟು ತಿರುಗಬೇಕೋ ಬೇಡವೋ ಎಂಬುದು ತಮ್ಮನಿಗೂ ನನಗೂ ಮುಗಿಯದ ಜಗಳ. ಇಡಲೇಬೇಕು ಎನ್ನುತ್ತಾನೆ ಅವನು. ನಾನು ಇಡುವುದಿಲ್ಲ. ಕಲ್ಲಡ್ಕದ ಕೆ.ಟಿ. (ಕಲ್ಲಡ್ಕ ಟೀ) ಕುಡಿಯಲು ಬಗ್ಗಿ ಬೆಂಚಿನಲ್ಲಿ ಕೂರುವ ನನ್ನಂಥವನಿಗೆ ಸುರಕ್ಷತೆಯ ಆ ಒಂದು ಹೆಚ್ಚಿನ ಮೆಟ್ಟಿಲು ಬೇಕು.

ಚುನಾವಣೆ ಬಂದಾಗ ಇದು ನಮ್ಮ ಮನೆಯಲ್ಲೇ ಇರುವುದಿಲ್ಲ. 2024ರ ಏಪ್ರಿಲ್ 26ರಂದು ಇಲ್ಲಿ ಮತದಾನ. ಅದಕ್ಕೆ ಎಷ್ಟೋ ಮೊದಲೇ ಠೇವಣಿ ಇಡುವಂತೆ ಸೂಚನೆ ಬಂತು. ಅಪ್ಪನ ಕೋವಿಯ ಜೊತೆ ಇದನ್ನೂ ಕೊಟ್ಟು ರಸೀದಿ ಪಡೆದೆವು. ತೋಟದವರಿಗೆ ಅದು ನಿಜವಾದ ಸಂಕಟ, ಹಂದಿ ಮಂಗಗಳಿಗೆ ನೀತಿಸಂಹಿತೆ ಗೊತ್ತಿಲ್ಲ. ಪಿಸ್ತೂಲಿನವರಿಗೆ ಚಿಂತೆ ಬೇರೆ: ಕೊಡುವ ಮೊದಲು ಎಣ್ಣೆ ಸ್ವಲ್ಪ ಹೆಚ್ಚೇ ಹಚ್ಚಿ, ಎಣ್ಣೆ ಕಾಗದದಲ್ಲಿ ಸುತ್ತಿ, ಸಂಖ್ಯೆಯ ಫೋಟೊ ತೆಗೆದುಕೊಳ್ಳಿ. ಹಿಂದಿರುಗಿ ಬಂದಾಗ ನನ್ನದು ಕೊಟ್ಟಂತೆಯೇ ಇತ್ತು.

ದುಡ್ಡಿಗೆ ತಕ್ಕದ್ದೇ ಎಂದು ಕೇಳುವವರಿಗೆ: ನಾನು ಕೊಂಡಾಗ ಜಿಎಸ್‌ಟಿ ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40 ಆಗಿದೆ. ಅಷ್ಟು ತೆರಿಗೆ ಕಟ್ಟಿ ಕೊಳ್ಳುವಷ್ಟು ಅಗತ್ಯ ನನ್ನ ವ್ಯಾಪಾರದಲ್ಲಿ ಈಗ ಉಳಿದಿದೆಯೇ ಎಂಬುದು ಬೇರೆ ಮಾತು. 2017ರಿಂದ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಒಬ್ಬರಿಂದ ಒಂದೇ ದಿನ ಪಡೆಯುವಂತಿಲ್ಲ. ಬೆಳೆಗಾರರೂ ಹಣ ಖಾತೆಗೇ ಬರಲಿ ಎನ್ನುತ್ತಾರೆ. ಚೀಲದಲ್ಲಿ ನೋಟು ಹೊತ್ತು ಪುತ್ತೂರು ದಾರಿಯ ಮಾಣಿ ಎಂಬ ಊರಿನ ತಿರುವಿನಲ್ಲಿ ಬೆನ್ನ ಹಿಂದೆ ನೋಡುತ್ತಾ ಬರುವ ಕಾಲ ಹೆಚ್ಚುಕಡಿಮೆ ಹೋಯಿತು. ನಿಜವಾದ ಬೆದರಿಕೆ ಇರುವವರು ಕೊಳ್ಳಲಿ, ಪಿಸ್ತೂಲು ಕೆಲಸಕ್ಕೆ ಬರುವಂಥದ್ದೇ. ಪುಟ್ಟದು, ಚಂದ ಇದೆ ಎಂದು ಆಸೆಪಡುವವರು ಮೊದಲು ಒಂದು ಮಳೆಗಾಲ ನಮ್ಮ ಮನೆಯ ಎಣ್ಣೆ ಬಟ್ಟೆ ಹಿಡಿಯಲು ಬರಬಹುದು.

ಬಿಡಿಭಾಗದ ಸಂಗತಿ ಹೇಳದಿದ್ದರೆ ವಿಮರ್ಶೆ ಅರ್ಧವಾದೀತು. ಪೆಟ್ಟಿಗೆಯಲ್ಲಿ ಬಂದದ್ದು ಒಂದೇ ಮ್ಯಾಗಜಿನ್. ಎರಡನೆಯದಕ್ಕೆ ಮುಂಗಡ ಕೊಟ್ಟು ಕಾಯುತ್ತಲೇ ಇದ್ದೇನೆ. ಫೋನ್ ಮಾಡಿದಾಗಲೆಲ್ಲ ಅಂಗಡಿಯವರು “ಮುಂದಿನ ಲೋಡಿನಲ್ಲಿ ಬರುತ್ತದೆ ಸಾರ್” ಎನ್ನುತ್ತಾರೆ. ತುಕ್ಕು ಹಿಡಿದ ತಿರುಪುಗಳನ್ನು ಮಾತ್ರ ಕೇಳಿದ ಕೂಡಲೇ ಬದಲಾಯಿಸಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.