ತಲೆಬಿಸಿ ಬಿಡದವರಿಗೆ ಥೆರಪಿ: ಶಿರಸಿ, ಕಾರವಾರದಲ್ಲಿದ್ದುಕೊಂಡೇ ತಗೊಂಡರೆ ಏನು ಸಿಗುತ್ತದೆ

ಎದೆ ಡವಡವ ಅಂದರೆ ನಮ್ಮ ಕಡೆ ಮೊದಲು ಇಸಿಜಿ, ಆಮೇಲೆ ಥೈರಾಯ್ಡ್, ಆಮೇಲೆ ಗ್ಯಾಸ್ಟ್ರಿಕ್ ಗುಳಿಗೆ, ಕೊನೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಒಂದು ಓಡಾಟ. ಇದರಲ್ಲಿ ತಪ್ಪೇನೂ ಇಲ್ಲ. ಥೈರಾಯ್ಡ್ ಹೆಚ್ಚಾದರೂ, ರಕ್ತ ಕಡಿಮೆಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ, ಅದನ್ನು ಮೊದಲು ನೋಡಲೇಬೇಕು. ತೊಂದರೆ ಶುರುವಾಗುವುದು ರಿಪೋರ್ಟೆಲ್ಲ ನಾರ್ಮಲ್ ಬಂದ ಮೇಲೆ. "ಏನೂ ಇಲ್ಲ, ತಲೆಬಿಸಿ ಮಾಡ್ಕಬೇಡಿ" ಎಂದು ಕಳಿಸಿಬಿಡುತ್ತಾರೆ. ತಲೆಬಿಸಿಯೇ ಕಾಯಿಲೆಯಾದವರು ಈ ಮಾತು ಕಟ್ಟಿಕೊಂಡು ಏನು ಮಾಡಬೇಕು?

ಆರು ತಿಂಗಳಿಂದ ಹೆಚ್ಚುಕಡಿಮೆ ದಿನಾ ಒಂದಲ್ಲ ಒಂದು ವಿಷಯಕ್ಕೆ ಆತಂಕ, ನಿಲ್ಲಿಸಬೇಕೆಂದರೂ ನಿಲ್ಲದ ಯೋಚನೆ, ಕುತ್ತಿಗೆ ಹೆಗಲು ಬಿಗಿತ, ಸಿಡುಕು, ಕೆಟ್ಟ ನಿದ್ದೆ. ಇಷ್ಟು ಒಟ್ಟಿಗೆ ಇದ್ದರೆ ವೈದ್ಯರು ಅದನ್ನು ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್ ಎನ್ನುತ್ತಾರೆ. ಇದಕ್ಕೆ ಚೆನ್ನಾಗಿ ಪರೀಕ್ಷೆಗೊಳಗಾದ ಥೆರಪಿ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಸಿಬಿಟಿ; ಯೋಚನೆ ಮತ್ತು ನಡವಳಿಕೆಯ ರೂಢಿ ಬದಲಿಸುವ ಮಾತಿನ ಚಿಕಿತ್ಸೆ. ವಾರಕ್ಕೊಂದು ಸೆಶನ್, ಒಂದೊಂದು 50 ನಿಮಿಷದಿಂದ ಒಂದು ಗಂಟೆ, ಒಟ್ಟು ಸುಮಾರು 12ರಿಂದ 16. ಉತ್ತರ ಕನ್ನಡ ಜಿಲ್ಲೆಯಲ್ಲಿ ಇದ್ದುಕೊಂಡು ಇದನ್ನು ಪಡೆಯುವ ಮೂರು ದಾರಿಗಳನ್ನು ಇಲ್ಲಿ ತೂಗಿ ನೋಡಿದ್ದೇವೆ. ಅದಕ್ಕೂ ಮೊದಲು ಸರಿಯಾದ ಥೆರಪಿ ಒಳಗಿಂದ ಹೇಗಿರುತ್ತದೆ ಅನ್ನುವುದು ಗೊತ್ತಿರಬೇಕು. ಇಲ್ಲದಿದ್ದರೆ ಸಮಾಧಾನದ ಮಾತಿಗೇ ದುಡ್ಡು ಕೊಟ್ಟು ಬರುತ್ತೀರಿ.

ಮೊದಲ ಒಂದೆರಡು ಸೆಶನ್ ಕೇಳುವುದರಲ್ಲೇ ಹೋಗುತ್ತದೆ. ಒಳ್ಳೆಯವರು ಜಿಎಡಿ-7 ಎಂಬ ಏಳು ಪ್ರಶ್ನೆಗಳ ಹಾಳೆ ಕೊಡುತ್ತಾರೆ. ಕಳೆದ ಎರಡು ವಾರದ ಲೆಕ್ಕ, ಒಂದೊಂದು ಪ್ರಶ್ನೆಗೆ 0ಯಿಂದ 3, ಒಟ್ಟು 21. ಐದರಿಂದ ಸಣ್ಣದು, 10ರಿಂದ ಮಧ್ಯಮ, 15ರಿಂದ ತೀವ್ರ. ಈ ಹಾಳೆಯನ್ನು ಒಂದೇ ಸಲ ತುಂಬಿಸಿ ಇಟ್ಟರೆ ಪ್ರಯೋಜನವಿಲ್ಲ, ಮತ್ತೆ ಮತ್ತೆ ತುಂಬಿಸಬೇಕು. 16 ಇದ್ದದ್ದು ಆರನೇ ವಾರಕ್ಕೂ 16 ಇದ್ದರೆ ದಾರಿ ಬದಲಿಸಬೇಕು ಅನ್ನುವುದು ಇಬ್ಬರಿಗೂ ಆಗಲೇ ಗೊತ್ತಾಗುತ್ತದೆ. ಚಾ ಎಷ್ಟು, ಕವಳ (ಎಲೆಯಡಿಕೆ) ಎಷ್ಟು ಎಂದೂ ಕೇಳಬೇಕು. ಅಡಿಕೆಯಲ್ಲಿರುವ ಅರೆಕೋಲಿನ್ ಮೈ ಬೆವರಿಸುತ್ತದೆ, ಎದೆ ಬಡಿತ ಏರಿಸುತ್ತದೆ. ತಂಬಾಕು ಸೇರಿದರೆ ಇನ್ನೂ ಹೆಚ್ಚು. ದಿನಕ್ಕೆ ಹತ್ತು ಕವಳ ಹಾಕುವವರ ಡವಡವದಲ್ಲಿ ಅದರದ್ದೂ ಒಂದು ಪಾಲಿರಬಹುದು. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳದ ಥೆರಪಿಸ್ಟ್ ಅರ್ಧವೇ ಕೇಳಿದ ಹಾಗೆ.

ಮೂರನೇ ವಾರದ ಸುಮಾರಿಗೆ ಹೋಂವರ್ಕ್ ಶುರು. ಚಿಂತೆ ಬಂದಾಗ ಹಾಳೆಯಲ್ಲಿ ಬರೆಯಬೇಕು: ಎಷ್ಟು ಗಂಟೆಗೆ ಬಂತು, ಏನಾಗುತ್ತದೆ ಅನ್ನಿಸಿತು, ನೂರಕ್ಕೆ ಎಷ್ಟು ಖಾತ್ರಿ, ಆಗ ಏನು ಮಾಡಿದೆ. ಆಮೇಲೆ ಚಿಂತೆಯನ್ನು ಎರಡು ರಾಶಿ ಮಾಡಬೇಕು, ಕೈಲಾಗುವುದು ಒಂದು ಕಡೆ, "ಹೀಗಾಗಿಬಿಟ್ಟರೆ?" ಅನ್ನುವುದು ಇನ್ನೊಂದು ಕಡೆ. ಶಿರಸಿ, ಸಿದ್ದಾಪುರದ ಕಡೆಯ ಅಡಿಕೆ ತೋಟದವರಿಗೆ ಕೊಳೆ ರೋಗದ, ಅಂದರೆ ಮಳೆಗಾಲದಲ್ಲಿ ಅಡಿಕೆಕಾಯಿ ಕೊಳೆತು ಉದುರುವ ರೋಗದ ಉದಾಹರಣೆಯೇ ಸಾಕು. ಮಳೆ ಹಿಡಿಯುವ ಮೊದಲೊಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಶೇ. 1ರ ಬೋರ್ಡೋ ದ್ರಾವಣ ಹೊಡೆಯುವುದು, ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ಕೈಲಾಗುವ ರಾಶಿಗೆ ಸೇರಿದ್ದು. ದಿನ ಗೊತ್ತುಮಾಡಿ ಮುಗಿಸಿದರೆ ಆಯಿತು. ಔಷಧ ಹೊಡೆದಾದ ಮೇಲೂ ಮಳೆ ಸದ್ದು ಕೇಳಿದಾಗೆಲ್ಲ ರಾತ್ರಿ ಬ್ಯಾಟರಿ ಹಿಡಿದು ತೋಟಕ್ಕೆ ಇಳಿಯುವುದು ಎರಡನೇ ರಾಶಿಯದ್ದು. ಹೋಗಿ ನೋಡಿದ ಕೂಡಲೇ ಎದೆ ಹಗುರಾಗುತ್ತದೆ, ಆದ್ದರಿಂದಲೇ ನಾಳೆ ಮತ್ತೆ ಹೋಗಬೇಕು ಅನ್ನಿಸುತ್ತದೆ. ಆ ಎರಡು ನಿಮಿಷದ ಹಗುರವೇ ಆತಂಕವನ್ನು ಸಾಕಿಕೊಂಡು ಬರುವುದು.

ಎರಡನೇ ರಾಶಿಗೆ ದಿನದಲ್ಲಿ ಒಂದು ಹೊತ್ತು ಗೊತ್ತುಮಾಡುತ್ತಾರೆ. ಸಂಜೆ ಐದೂವರೆಗೆ 20 ನಿಮಿಷ ಇಟ್ಟುಕೊಳ್ಳಿ. ಮಲಗುವ ಕೋಣೆ ಬೇಡ, ಮಲಗುವ ಹೊತ್ತೂ ಬೇಡ. ಬೇರೆ ವೇಳೆಯಲ್ಲಿ ಚಿಂತೆ ಬಂದರೆ ಒಂದು ಸಾಲು ಬರೆದು ಐದೂವರೆಗೆ ಮುಂದೂಡಬೇಕು. ಮೊದಲ ವಾರ ಇದು ಆಗುವುದೇ ಇಲ್ಲ ಅನ್ನಿಸುತ್ತದೆ, ಬಹಳ ಜನ ಇಲ್ಲೇ ಕೈಬಿಡುತ್ತಾರೆ. ಚಿಂತೆ ಬರಬಾರದು ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಬಂದದ್ದನ್ನು ಮುಂದೂಡಬಹುದು ಅನ್ನುವುದು ಕೈಗೆ ರೂಢಿಯಾದರೆ ಸಾಕು.

ಥೆರಪಿಯ ನಿಜವಾದ ಕೆಲಸ ನಡೆಯುವುದು ಇದಾದ ಮೇಲೆ, ಐದರಿಂದ ಹತ್ತನೇ ಸೆಶನ್ ಒಳಗೆ. ಮಗ ಬೆಂಗಳೂರಿಂದ ರಾತ್ರಿ ಬಸ್ಸಿಗೆ ಹೊರಟಿದ್ದಾನೆ, ಅಮ್ಮ ಗಂಟೆಗೊಂದು ಫೋನ್ ಮಾಡುತ್ತಾಳೆ ಅಂದುಕೊಳ್ಳಿ. ಪ್ರಯೋಗ ಹೀಗೆ: ಈ ಸಲ ಫೋನ್ ಎರಡೇ, ಹೊರಡುವಾಗ ಒಂದು, ಮುಟ್ಟಿದ ಮೇಲೆ ಒಂದು. ಮೊದಲೇ ಹಾಳೆಯಲ್ಲಿ ಬರೆದಿಡಬೇಕು, "ಫೋನ್ ಮಾಡದಿದ್ದರೆ ಅಪಘಾತ ಆಗಿರುತ್ತದೆ, ಖಾತ್ರಿ 80. ನನಗೆ ಇಡೀ ರಾತ್ರಿ ತಡೆದುಕೊಳ್ಳಲಿಕ್ಕೆ ಆಗುವುದಿಲ್ಲ, ಖಾತ್ರಿ 100." ಬೆಳಿಗ್ಗೆ ಆದದ್ದನ್ನು ಅದರ ಪಕ್ಕದಲ್ಲಿ ಬರೆಯಬೇಕು: ಅರಬೈಲ್ ಘಾಟಿನಲ್ಲಿ ನೆಟ್‌ವರ್ಕ್ ಇರಲಿಲ್ಲ, ಬಸ್ ಮುಕ್ಕಾಲು ಗಂಟೆ ತಡ, ಮಗ ಮನೆಗೆ ಬಂದ. ತಡೆಯಲಿಕ್ಕೆ ಕಷ್ಟವಾಯಿತು, ಆದರೂ ಎರಡು ಗಂಟೆಗೆ ಕಣ್ಣು ಹತ್ತಿತು. ಇಲ್ಲಿ ಎರಡನೇ ಸಾಲಿಗೇ ಹೆಚ್ಚು ಬೆಲೆ. ಅಪಘಾತ ಆಗಲಿಲ್ಲ ಅನ್ನುವುದು ಅಮ್ಮನಿಗೆ ಪ್ರತಿ ಸಲವೂ ಗೊತ್ತಾಗುತ್ತಿತ್ತು; ಗೊತ್ತಿಲ್ಲದೆಯೂ ಒಂದು ರಾತ್ರಿ ಕಳೆಯಬಲ್ಲೆ ಅನ್ನುವುದು ಗೊತ್ತಾದದ್ದು ಇದೇ ಮೊದಲು. ಇಂಥ ಪ್ರಯೋಗವನ್ನು ಒಮ್ಮೆ ಮಾಡಿ ಬಿಟ್ಟರೆ ಏನೂ ಆಗುವುದಿಲ್ಲ, ಚಿಕ್ಕದರಿಂದ ದೊಡ್ಡದಕ್ಕೆ ಏರುತ್ತ ವಾರಕ್ಕೆ ಮೂರ್ನಾಲ್ಕಾದರೂ ಬೇಕು. ಮನೆಯವರಿಗೂ ತಿಳಿಸಿರಬೇಕು. ಇಲ್ಲದಿದ್ದರೆ ಅಮ್ಮ ಫೋನ್ ಮಾಡಲಿಲ್ಲವೆಂದು ಮಗನೇ ಗಾಬರಿಯಾಗಿ ನಡುರಾತ್ರಿ ಫೋನ್ ಮಾಡುತ್ತಾನೆ, ಪ್ರಯೋಗ ಅಲ್ಲಿಗೇ ಕೆಡುತ್ತದೆ.

ಉಸಿರಾಟದ ಅಭ್ಯಾಸ, ಮೈ ಸಡಿಲಿಸುವುದು ಇವೆಲ್ಲ ಬೇಕಾದ್ದೇ. ಆದರೆ ಎದೆ ಹೊಡೆದುಕೊಂಡ ಕೂಡಲೇ ಓಡಿಹೋಗಿ ಮಾಡುವ ಪರಿಹಾರವಾಗಿ ಅದು ಬದಲಾದರೆ ಬ್ಯಾಟರಿ ಹಿಡಿದು ತೋಟಕ್ಕೆ ಇಳಿದಂತೆಯೇ ಆಯಿತು. ಎಲ್ಲ ಸೆಶನ್‌ನಲ್ಲೂ ಬರೀ ಉಸಿರಾಟ ಮಾಡಿಸಿ ಕಳಿಸುವವರಿಗೆ ನಮ್ಮ ಶಿಫಾರಸು ಇಲ್ಲ.

ಇನ್ನು ದಾರಿಗಳು. ಮೊದಲನೆಯದು ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಪುಕ್ಕಟೆ, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು. ಮೊದಲು ತರಬೇತಿ ಪಡೆದ ಕೌನ್ಸೆಲರ್ ಮಾತಾಡುತ್ತಾರೆ, ಬೇಕೆನಿಸಿದರೆ ತಜ್ಞರಿಗೆ ದಾಟಿಸುತ್ತಾರೆ. ರಾತ್ರಿ ಎರಡು ಗಂಟೆಗೆ, ಮನೆಯಲ್ಲಿ ಯಾರಿಗೂ ಹೇಳಲಾಗದೆ ಕೂತವರಿಗೆ ಇದಕ್ಕಿಂತ ಹತ್ತಿರದ ಬಾಗಿಲಿಲ್ಲ. ಬದುಕೇ ಬೇಡ ಅನ್ನಿಸುತ್ತಿದ್ದರೆ ಬೇರೇನೂ ಯೋಚಿಸದೆ ಈ ನಂಬರಿಗೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಆದರೆ 12 ವಾರದ ಸಿಬಿಟಿಯನ್ನು ಇದರಿಂದ ನಿರೀಕ್ಷಿಸಬೇಡಿ. ಪ್ರತಿ ಸಲ ಅದೇ ದನಿ ಸಿಗುತ್ತದೆಂಬ ಭರವಸೆ ಇಲ್ಲದ ಕಡೆ ಹಾಳೆ, ಹೋಂವರ್ಕ್ ನಡೆಯುವುದು ಕಷ್ಟ.

ಎರಡನೆಯದು ಸರ್ಕಾರಿ ಆಸ್ಪತ್ರೆ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮಂಗಳವಾರ ಕ್ಲಿನಿಕ್ ನಡೆಯುತ್ತದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೊರಡಿ. ರೋಗ ಯಾವುದೆಂದು ಸರಿಯಾಗಿ ಗುರುತಿಸಲಿಕ್ಕೆ, ಗುಳಿಗೆ ಬೇಕೋ ಬೇಡವೋ ತೀರ್ಮಾನಿಸಲಿಕ್ಕೆ ಇದೇ ಒಳ್ಳೆಯ ಜಾಗ. ಎಸ್‌ಎಸ್‌ಆರ್‌ಐ ಗುಂಪಿನ (ಆತಂಕ, ಖಿನ್ನತೆಗೆ ದಿನಾ ತಗೊಳ್ಳುವ) ಗುಳಿಗೆ ಕೊಟ್ಟರೆ ಅದರ ಗುಣ ಕಾಣಲಿಕ್ಕೆ ಎರಡರಿಂದ ಆರು ವಾರ ಬೇಕು, ಮೊದಲ ವಾರ ಆತಂಕ ತುಸು ಹೆಚ್ಚಾದ ಹಾಗೂ ಅನ್ನಿಸಬಹುದು. ಅದನ್ನು ಹೇಳದೆ ಕೊಟ್ಟರೆ ಜನ ನಾಲ್ಕನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ಆಲ್ಪ್ರಜೋಲಮ್, ಕ್ಲೊನಾಜೆಪಮ್ ಬೇರೆ ಜಾತಿಯವು: ಅರ್ಧ ಗಂಟೆ, ಒಂದು ಗಂಟೆಯಲ್ಲಿ ತಣ್ಣಗೆ ಮಾಡುತ್ತವೆ, ಅಷ್ಟೇ ಬೇಗ ಅಭ್ಯಾಸವನ್ನೂ ಹತ್ತಿಸುತ್ತವೆ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತರಬೇಡಿ, ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಲೂ ಬೇಡಿ, ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಒಪಿಡಿಯ ಸಾಲಿನಲ್ಲಿ ಒಬ್ಬೊಬ್ಬರಿಗೆ 50 ನಿಮಿಷ ಸಿಗಲಾರದು. "ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಥೆರಪಿಗೆ ಟೈಮ್ ಸಿಗುತ್ತದಾ?" ಎಂದು ಬಾಯಿಬಿಟ್ಟು ಕೇಳಿ, ಕೇಳದಿದ್ದರೆ ಚೀಟಿ ಹಿಡಿದುಕೊಂಡು ವಾಪಸ್ ಬರುತ್ತೀರಿ.

ಮೂರನೆಯದು ಖಾಸಗಿ, ಬಹುಮಟ್ಟಿಗೆ ವಿಡಿಯೋ ಕರೆ. ಒಂದು ಸೆಶನ್‌ಗೆ 1,000 ರೂಪಾಯಿ ಹಿಡಿದರೂ 12ಕ್ಕೆ 12,000. ಆದರೆ ವಾರವಾರ ಘಾಟಿ ಇಳಿದು ಹತ್ತುವ ಬಸ್ಸಿನ ದುಡ್ಡು, ಒಂದು ದಿನದ ಕೆಲಸ ಎರಡೂ ಉಳಿಯುತ್ತವೆ. ಸಿಬಿಟಿ ವಿಡಿಯೋದಲ್ಲೂ ಚೆನ್ನಾಗಿ ನಡೆಯುತ್ತದೆ, ಆ ಬಗ್ಗೆ ಅನುಮಾನ ಬೇಡ. ಕೆಡಿಸುವುದು ಎರಡು ಸಂಗತಿ. ಒಂದು ಮಳೆಗಾಲ: ಕರೆಂಟ್ ಹೋಗಿ ಟವರ್ ಬ್ಯಾಟರಿ ಇಳಿದರೆ ಯಲ್ಲಾಪುರ, ಜೋಯಿಡಾದ ಹಳ್ಳಿಗಳಲ್ಲಿ ಸಿಗ್ನಲ್ಲೂ ಹೋಯಿತು. ಕರೆ ಕಡಿದರೆ ಎಷ್ಟು ನಿಮಿಷ ಕಾಯುವುದು, ವಿಡಿಯೋ ಬಿಟ್ಟು ಬರೀ ಫೋನಿನಲ್ಲಿ ಮುಂದುವರಿಸುವುದೋ, ದುಡ್ಡು ಮುಂದಿನ ವಾರಕ್ಕೆ ಹೋಗುತ್ತದೋ ಎಂದು ಮೊದಲನೇ ದಿನವೇ ಮಾತಾಡಿಕೊಳ್ಳಿ. ಇನ್ನೊಂದು ಮನೆ. ಹಲಗೆ ಗೋಡೆಯ ಹಳೆಯ ಮನೆಯಲ್ಲಿ ಮಾಳಿಗೆಯ ಮಾತು ಜಗಲಿಗೆ ಕೇಳುತ್ತದೆ. ಅತ್ತೆಯ ಬಗ್ಗೆ ಹೇಳಬೇಕಾದವಳು ಹವಾಮಾನದ ಬಗ್ಗೆ ಹೇಳಿ ಮುಗಿಸುತ್ತಾಳೆ. ನಿಲ್ಲಿಸಿದ ಕಾರು, ಗೆಳತಿಯ ಮನೆ, ತೋಟದ ಮನೆ, ಯಾವುದಾದರೂ ಆಗಬಹುದು. ಇಯರ್‌ಫೋನ್ ಮಾತ್ರ ಬೇಕೇ ಬೇಕು.

ಹೆಸರಿನ ಮುಂದೆ ಕೌನ್ಸೆಲರ್ ಎಂದು ಯಾರು ಬೇಕಾದರೂ ಬರೆದುಕೊಳ್ಳುತ್ತಿದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿದರೆ ಕೊಡಬೇಕು. ಜೊತೆಗೆ ಇನ್ನು ಮೂರು ಕೇಳಿ: ಆತಂಕಕ್ಕೆ ಯಾವ ವಿಧಾನ ಬಳಸುತ್ತೀರಿ, ಹೋಂವರ್ಕ್ ಇರುತ್ತದೋ, ಗುಣವಾಗುತ್ತಿದೆ ಎಂದು ಯಾವುದರಿಂದ ತಿಳಿಯುತ್ತೀರಿ. ಮೂರನೆಯದಕ್ಕೆ "ನಿಮಗೇ ಗೊತ್ತಾಗುತ್ತದೆ" ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ. ಭಾಷೆಯನ್ನೂ ನೋಡಿಕೊಳ್ಳಿ. ಕಾರವಾರ, ಅಂಕೋಲೆಯ ಎಷ್ಟೋ ಜನರಿಗೆ ದುಃಖ ಬರುವುದು ಕೊಂಕಣಿಯಲ್ಲಿ, ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಅರ್ಧ ಸೋರಿಹೋಗಿರುತ್ತದೆ. ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಹೆದರಿಕೆ ಸಹಜ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ನಿಮ್ಮ ವಿಷಯವನ್ನು ಗುಟ್ಟಾಗಿಡಬೇಕೆಂದು ಹೇಳುತ್ತದೆ; ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭಗಳಷ್ಟೇ ಹೊರತು.

ನಮ್ಮ ಅಭಿಪ್ರಾಯ ಇಷ್ಟು. ಜಿಎಡಿ-7ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಒಮ್ಮೆ ನೋಡಿ. ಅಲ್ಲೇ ಥೆರಪಿಗೆ ಟೈಮ್ ಸಿಕ್ಕರೆ ಅದೇ ಸಾಕು, ಸಿಗದಿದ್ದರೆ ವಿಡಿಯೋ. 14416 ಫೋನಿನಲ್ಲಿ ಸೇವ್ ಆಗಿರಲಿ. ನಾಲ್ಕನೇ ಸೆಶನ್‌ಗೆ ನಿದ್ದೆ ಸ್ವಲ್ಪ ಸುಧಾರಿಸಿತೆಂದು ಬಿಡಬೇಡಿ, ಆಗಿನ್ನೂ ಪ್ರಯೋಗಗಳೇ ಶುರುವಾಗಿರುವುದಿಲ್ಲ. ಕೊನೆಯ ಸೆಶನ್‌ನಲ್ಲಿ ಒಂದು ಹಾಳೆ ಕೇಳಿ ಬರೆಸಿಕೊಳ್ಳಿ: ಆತಂಕ ಮರಳಿದರೆ ಮೊದಲು ಕಾಣುವ ಗುರುತು ಯಾವುದು, ಆಗ ಯಾವ ಪ್ರಯೋಗ ಮತ್ತೆ ಶುರುಮಾಡಬೇಕು, ಎಷ್ಟು ವಾರ ನೋಡಿ ಫೋನ್ ಮಾಡಬೇಕು. ಜೂನ್ ತಿಂಗಳಿಗೆ ಒಂದು ಸೆಶನ್ ಮೊದಲೇ ಬರೆಸಿಟ್ಟರೆ ಇನ್ನೂ ಒಳ್ಳೆಯದು. ತೋಟದವರಿಗೆ ಕೊಳೆಯ ಚಿಂತೆ ಶುರುವಾಗುವುದು, ಕಾರವಾರದ ಬೈತಖೋಲ ಬಂದರಿನ ಬೋಟಿನವರು ಮೀನುಗಾರಿಕೆ ನಿಷೇಧದ 61 ದಿನ ದಡದಲ್ಲಿ ಕೂರಬೇಕಾಗುವುದು ಆಗಲೇ.