ಮಹಡಿಯ ಹೋಮ್ ಥಿಯೇಟರ್: ದುಡ್ಡು ನುಂಗಿದ್ದು ಪರದೆ, ದುಡಿದದ್ದು ನಡುವಿನ ಸ್ಪೀಕರ್

ನಮ್ಮ ಮನೆಯ ಹೋಮ್ ಥಿಯೇಟರಿನಲ್ಲಿ ಅತಿ ಹೆಚ್ಚು ಓಡುವುದು ಸಿನಿಮಾ ಅಲ್ಲ, ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಅದೂ ಪರದೆ ಬಿಚ್ಚದೆ, ಪ್ರೊಜೆಕ್ಟರ್ ಹಚ್ಚದೆ. ಎರಡು ಲಕ್ಷದ ಹತ್ತಿರ ಖರ್ಚಾದ ಕೋಣೆ ಇದು. ಕೆಲವು ಮಳೆಗಾಲ ಕಳೆದ ಮೇಲೆ ಬರೆಯುತ್ತಿರುವುದರಿಂದ ಪೆಟ್ಟಿಗೆ ಬಿಚ್ಚಿದ ದಿನದ ಹುರುಪು ಇಲ್ಲಿಲ್ಲ.

ಶಿರಸಿ ಕಡೆಯ ಹಳ್ಳಿ ಮನೆ ನಮ್ಮದು. ಚಿರೆಕಲ್ಲಿನ ಗೋಡೆ, ಮಹಡಿಗೆ ತಗಡಿನ ಶೀಟ್, ಅದರ ಕೆಳಗೆ ತೆಳ್ಳಗಿನ ಪಿವಿಸಿ ಸೀಲಿಂಗ್. ಕೋಣೆ 12ಕ್ಕೆ 12 ಅಡಿ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ, ಮನೆಯಲ್ಲಿ ಯಾರೂ ಬೇಡ ಅನ್ನದ ಹೊತ್ತು ನೋಡಿ ಕೈ ಹಾಕಿದೆ. ಮುಂದೆ ಮೂರು ಸ್ಪೀಕರ್, ಹಿಂದೆ ಎರಡು, ದಪ್ಪ ಸದ್ದಿಗೆ ಒಂದು ಸಬ್‌ವೂಫರ್. ಅಂದರೆ ಸಾದಾ 5.1. ಎಲ್ಲ ಸ್ಪೀಕರಿಗೂ ಸದ್ದು ಹಂಚಿ ಕೊಡುವ ಪೆಟ್ಟಿಗೆ, ಎವಿಆರ್, ಡೆನಾನ್‌ದು. ಲ್ಯಾಂಪ್ ಇರುವ ಫುಲ್ ಎಚ್‌ಡಿ ಪ್ರೊಜೆಕ್ಟರ್, 100 ಇಂಚಿನ ಪರದೆ. ಮಾಡೆಲ್ ನಂಬರು, ವಾಟ್ಸು ಎಲ್ಲ ನೀವು ಆಗಲೇ ಹತ್ತು ಕಡೆ ನೋಡಿರುತ್ತೀರಿ, ಬಿಡಿ. ತಲೆಯ ಮೇಲಿಂದಲೂ ಸದ್ದು ಬರುವ ಡಾಲ್ಬಿ ಅಟ್ಮೋಸ್ ಯಾಕಿಲ್ಲ ಅಂತ ಕೇಳುವವರಿಗೆ: ಈ ಪಿವಿಸಿ ಸೀಲಿಂಗಿಗೆ ಸ್ಪೀಕರ್ ನೇತುಹಾಕಿದರೆ ಸದ್ದು ಮಾಡುವುದು ಸ್ಪೀಕರ್ ಅಲ್ಲ, ಸೀಲಿಂಗು.

ಚಿತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚೆನ್ನಾಗಿದೆ. 100 ಇಂಚು ಅಂದರೆ ಅಗಲ ಏಳೂಕಾಲು ಅಡಿ, ಎತ್ತರ ನಾಲ್ಕು ಅಡಿ ಚಿಲ್ಲರೆ. ನನ್ನ ಪ್ರೊಜೆಕ್ಟರಿನ ಥ್ರೋ ರೇಶಿಯೋ, ಅಂದರೆ ಚಿತ್ರದ ಅಗಲದ ಎಷ್ಟು ಪಟ್ಟು ದೂರ ಬೇಕು ಅನ್ನುವ ಲೆಕ್ಕ, 1.5ರ ಸುತ್ತಮುತ್ತ, ಹಾಗಾಗಿ ಪರದೆಯಿಂದ ಹತ್ತಿರಹತ್ತಿರ 11 ಅಡಿ ದೂರ ಬೇಕು. 12 ಅಡಿ ಕೋಣೆಯಲ್ಲಿ ಅದು ಹಿಂದಿನ ಗೋಡೆಗೆ ಹಲಗೆ ಹೊಡೆದು, ನಮ್ಮ ತಲೆಯ ಮೇಲೇ ಕೂರಬೇಕಾಯಿತು. ಸಿನಿಮಾಸ್ಕೋಪ್ ಚಿತ್ರ ಹಾಕಿದರೆ ಮೇಲೆ ಅರ್ಧ ಅಡಿ, ಕೆಳಗೆ ಅರ್ಧ ಅಡಿ ಕಪ್ಪು ಪಟ್ಟಿ. ಗೋಡೆಗೆ ಗಾಢ ಬಣ್ಣ ಬಳಿದಿದ್ದರೆ ಆ ಕಪ್ಪು ಇನ್ನೂ ಕಪ್ಪಾಗಿ ಕಾಣುತ್ತಿತ್ತು. ಅಮ್ಮ ಬಿಡಲಿಲ್ಲ. "ಮನೆಯೊಳಗೆ ಕಪ್ಪು ಗೋಡೆಯಾ?" ಅಂದಳು, ಮಾತು ಅಲ್ಲಿಗೆ ಮುಗಿಯಿತು.

ಸಿಟ್ಟು ಬಂದದ್ದು ಸದ್ದಿನ ವಿಷಯಕ್ಕೆ.

ಮೊದಲ ತಿಂಗಳುಗಳಲ್ಲಿ ಸಿನಿಮಾ ನೋಡುವುದೆಂದರೆ ರಿಮೋಟ್ ಕೈಯಲ್ಲಿ ಹಿಡಿದು ಕಾವಲು ಕೂರುವುದು. ಮಾತು ಬಂದಾಗ ಏರಿಸು, ಹಾಡು ಬಂದಾಗ ಇಳಿಸು, ಹೊಡೆದಾಟ ಶುರುವಾದರೆ ಇನ್ನೂ ಇಳಿಸು, ನಾಯಕಿ ಪಿಸುಗುಟ್ಟಿದರೆ ಮತ್ತೆ ಏರಿಸು. ಕೋಣೆ ಜೋಡಿಸಿಕೊಟ್ಟ ಅಂಗಡಿಯವರಿಗೆ ಫೋನ್ ಮಾಡಿದೆ. ಸಬ್‌ವೂಫರ್ ಚಿಕ್ಕದಾಯಿತು ಸಾರ್, ದೊಡ್ಡದು ತಗೊಳ್ಳಿ ಅಂದರು. ಮಾತು ಕೇಳುವುದಿಲ್ಲ ಅಂದವನಿಗೆ ಸಬ್‌ವೂಫರ್ ಮಾರುವ ಧೈರ್ಯ ನೋಡಿ.

ಕಾರಣ ಬೇರೆಯೇ ಇತ್ತು. ಸಿನಿಮಾದ ಸದ್ದನ್ನು ಥಿಯೇಟರಿನ ಮಟ್ಟಕ್ಕೆ ಹೊಂದಿಸಿ ಮಿಕ್ಸ್ ಮಾಡಿರುತ್ತಾರೆ. ಅಲ್ಲಿ ಒಂದೊಂದು ಚಾನೆಲ್ಲಿಗೆ 85 ಡೆಸಿಬಲ್ ಅಳತೆ, ಅದರ ಮೇಲೆ ಅಬ್ಬರಕ್ಕೆ ಇನ್ನೂ 20 ಡೆಸಿಬಲ್ ಜಾಗ. ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ಹಾಕುವುದಿಲ್ಲ. ನಾವು ಒಟ್ಟು ವಾಲ್ಯೂಮ್ ಇಳಿಸಿದಾಗ ಮೊದಲು ಮುಳುಗುವುದು ಮಾತು. ಮತ್ತೆ 5.1ರಲ್ಲಿ ಮಾತು ಬಹುಪಾಲು ಬರುವುದು ನಡುವಿನ ಒಂದೇ ಸ್ಪೀಕರಿನಿಂದ, ಸೆಂಟರ್‌ನಿಂದ. ನಮ್ಮಲ್ಲಿ ಆ ಸ್ಪೀಕರನ್ನು ಪರದೆಯ ಕೆಳಗಿನ ಮರದ ಕಪಾಟಿನೊಳಗೆ, ಅದೂ ಒಂದು ಗೇಣು ಹಿಂದೆ ತಳ್ಳಿ ಇಟ್ಟು ಹೋಗಿದ್ದರು. ನೋಡಲು ಅಚ್ಚುಕಟ್ಟು. ಕೇಳಲು, ಚಾದರ ಹೊದ್ದುಕೊಂಡು ಮಾತಾಡಿದ ಹಾಗೆ.

ಅದನ್ನು ಹೊರಗೆ ತಂದು ಕಪಾಟಿನ ಅಂಚಿಗೆ ಇಟ್ಟೆ. ಮೊಣಕಾಲೆತ್ತರದಲ್ಲಿದ್ದ ಸ್ಪೀಕರ್ ಕಿವಿಯ ಕಡೆ ಮುಖ ಮಾಡಲಿ ಅಂತ ಕೆಳಗೆ ಮುಂದುಗಡೆ ಒಂದು ಮರದ ಬೆಣೆ ಕೊಟ್ಟೆ. ಎವಿಆರ್‌ ಜೊತೆ ಬರುವ ಮೈಕನ್ನು ಕೂರುವ ಜಾಗದ ಸುತ್ತ ಬೇರೆ ಬೇರೆ ಕಡೆ ಇಟ್ಟು ಮತ್ತೆ ಅಳತೆ ಮಾಡಿಸಿದೆ. ಅದು ಲೆಕ್ಕ ಹಾಕಿ ಇಟ್ಟ ಮಟ್ಟಕ್ಕಿಂತ ಸೆಂಟರಿಗೆ ಮಾತ್ರ 3 ಡೆಸಿಬಲ್ ಏರಿಸಿದೆ. 3 ಅಂದರೆ ಸಣ್ಣ ಅಂಕಿ ಅನ್ನಿಸಬಹುದು, ಆದರೆ ಆ ಸ್ಪೀಕರಿಗೆ ಹೋಗುವ ಪವರ್ ಎರಡು ಪಟ್ಟಾಗುತ್ತದೆ. ಕ್ರಾಸ್‌ಓವರ್ ಅನ್ನುವ ಗಡಿಯನ್ನು 80 ಹರ್ಟ್ಸ್‌ಗೆ ಇಟ್ಟೆ. ಅದರಿಂದ ಕೆಳಗಿನದನ್ನೆಲ್ಲ ಸಬ್‌ವೂಫರ್ ನೋಡಿಕೊಳ್ಳಲಿ, ಸೆಂಟರ್ ಮಾತಿನ ಕೆಲಸ ಮಾತ್ರ ಮಾಡಲಿ. ಖರ್ಚು ಸೊನ್ನೆ. ಬೆಣೆ ನಮ್ಮದೇ ಹಲಸಿನ ಮರದ್ದು.

ಅಪ್ಪನ ಕಥೆ ಶುರುವಾಗುವುದು ಇಲ್ಲಿಂದ. ಅಪ್ಪನಿಗೆ ಕಿವಿ ಸ್ವಲ್ಪ ಮಂದ. ವಯಸ್ಸಾದಂತೆ ಮೊದಲು ಹೋಗುವುದು ತೀಕ್ಷ್ಣ ಸದ್ದುಗಳು. ಸ, ಶ, ತ, ಕ ಇಂಥವು. ಹಾಗಾಗಿ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಟಿವಿ ಮುಂದೆ ಕೂತರೆ ವಾಲ್ಯೂಮ್ ಮೇಲಕ್ಕೆ ಹೋಗುತ್ತಲೇ ಇರುತ್ತದೆ, ತಿಳಿಯುವುದು ಅಷ್ಟೇ ಇರುತ್ತದೆ. ಹೋಮ್ ಥಿಯೇಟರ್ ಅಂದಾಗ ಅವನು ಮಹಡಿ ಹತ್ತಲೇ ಇಲ್ಲ. ಅದು ನಿಮ್ಮ ಹುಡುಗರ ಗಲಾಟೆ ಅಂದುಬಿಟ್ಟಿದ್ದ.

ಆಷಾಢದ ಒಂದು ಸಂಜೆ, ಭಾವ ಹಳೆಯ ತಾಳಮದ್ದಳೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ. ಕೆಳಗಿನ ಟೇಪ್‌ರೆಕಾರ್ಡರ್ ಕೆಟ್ಟು ವರ್ಷಗಳಾಗಿತ್ತು. ಸುಮ್ನೆ ಮಹಡಿಯಲ್ಲಿ ಹಾಕಿದೆ. ಎವಿಆರ್ 'ಸ್ಟೀರಿಯೋ'ದಲ್ಲಿತ್ತು. ದನಿ ಎರಡು ಬದಿಯಿಂದ ಬರುತ್ತಿತ್ತು, ಚೆಂಡೆ ಬಿದ್ದಾಗ ಪಾತ್ರ ವಹಿಸಿದ ಅರ್ಥಧಾರಿಯ ಮಾತು ಅದರಡಿ ಹೂತುಹೋಗುತ್ತಿತ್ತು. ರಿಮೋಟಿನಲ್ಲಿ 'ಡಾಲ್ಬಿ ಸರೌಂಡ್' ಒತ್ತಿದೆ. ಎಡ ಬಲ ಎರಡರಲ್ಲೂ ಒಂದೇ ಸಮ ಇರುವ ಸದ್ದನ್ನು ಅದು ಆರಿಸಿ ಸೆಂಟರಿಗೆ ಕಳಿಸುತ್ತದೆ. ಹಳೆಯ ಕ್ಯಾಸೆಟ್ಟು ಮೋನೋ, ಎರಡೂ ಕಡೆ ಒಂದೇ. ಹಾಗಾಗಿ ಇಡೀ ತಾಳಮದ್ದಳೆ ಆ ಒಂದು ಸ್ಪೀಕರಿಗೆ ಬಂದು ಕೂತಿತು. ವಾಲಿ ಬಾಣ ತಿಂದು ಬಿದ್ದು ರಾಮನನ್ನು ಪ್ರಶ್ನೆ ಕೇಳುವ ಭಾಗ. ಎದುರಿಗೇ ಕೂತು ಕೇಳಿದ ಹಾಗಿತ್ತು. ಇನ್ನೊಂದು ಸೆಟ್ಟಿಂಗ್ ಇದೆ, 'ಡೈನಾಮಿಕ್ ವಾಲ್ಯೂಮ್' ಅಂತ. ಅಬ್ಬರವನ್ನು ತಗ್ಗಿಸಿ ಮೆಲುದನಿಯನ್ನು ಎತ್ತುತ್ತದೆ. ಸಿನಿಮಾಕ್ಕೆ ಅದು ನನಗೆ ಹಿಡಿಸುವುದಿಲ್ಲ, ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಚೆಂಡೆ ಮತ್ತು ಮಾತಿನ ನಡುವಿನ ಜಗಳಕ್ಕೆ ಮಾತ್ರ ಅದೇ ಮದ್ದು.

ಅಪ್ಪ ಮೆಟ್ಟಿಲು ಹತ್ತಿ ಬಂದ. ನಿಂತೇ ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಕೂತ. "ತಮಾ, ಈಗ ಮಾತು ಸರಿ ಕೇಳ್ತು ನೋಡು" ಅಂದ.

ಅವತ್ತಿನಿಂದ ಕೋಣೆ ಅವನದು. ಮಳೆ ಹಿಡಿಯುವ ಹೊತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ, ನಮ್ಮ ಕಡೆ ತಾಳಮದ್ದಳೆಗೆ ಅದೇ ಕಾಲ. ಈಗ ಊರಲ್ಲಿ ಕೂಟ ನಡೆಯದ ದಿನ ಮಹಡಿಯಲ್ಲಿ ನಡೆಯುತ್ತದೆ. ಸಂಜೆ ದೀಪ ಹಚ್ಚಿ ಆದ ಮೇಲೆ ಕವಳದ ತಟ್ಟೆ ಮೇಲೆ ಬರುತ್ತದೆ. ಎಲೆಯ ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಹಚ್ಚುವ ತನಕ ಶುರು ಮಾಡಬಾರದು. ಎವಿಆರ್ ಆನ್ ಮಾಡಿದರೆ ಒಳಗಿನಿಂದ 'ಟಕ್' ಅಂತ ಒಂದು ರಿಲೇ ಬಡಿಯುತ್ತದಲ್ಲ, ಅದು ಕೇಳಿದ ಮೇಲೆ ಅಪ್ಪ ಕನ್ನಡಕ ತೆಗೆದು ಬದಿಗಿಡುತ್ತಾನೆ. ನೋಡುವುದಕ್ಕೆ ಏನೂ ಇಲ್ಲವಲ್ಲ. ಭಾಗವತರ ಪದ ನಡೆಯುವಾಗ ಅಡಿಕೆ ಕತ್ತರಿಸುತ್ತಾನೆ, ಅರ್ಥದ ಮಾತು ಶುರುವಾದಾಗ ಅಡಕತ್ತರಿ ನಿಲ್ಲುತ್ತದೆ. ಒಳ್ಳೆಯ ವಾದ ಬಂದರೆ ರಿಮೋಟಿನ ಹಿಂದಕ್ಕೆ ಹೋಗುವ ಗುಂಡಿ ಒತ್ತಿಸುತ್ತಾನೆ. ನಿಜವಾದ ಕೂಟದಲ್ಲಿ ಈ ಸೌಲಭ್ಯ ಇಲ್ಲ ಅನ್ನುವುದು ಅವನಿಗೆ ದೊಡ್ಡ ಸಂತೋಷ. ಹಿಂದಿನ ಎರಡು ಸ್ಪೀಕರನ್ನು ಅವನು ಬಂದ್ ಮಾಡಿಸಿದ್ದಾನೆ. ಬೆನ್ನ ಹಿಂದೆ ಯಾರೋ ಗುಸುಗುಸು ಮಾತಾಡಿದ ಹಾಗೆ ಆಗುತ್ತದಂತೆ.

ಸಬ್‌ವೂಫರ್ ಬಗ್ಗೆ ಎರಡು ಮಾತು, ಚೌಕ ಕೋಣೆ ಇರುವವರಿಗೆ. 12 ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಸ್ ಸುತ್ತಮುತ್ತಲಿನ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಉಬ್ಬುತ್ತದೆ. ಅಗಲವೂ 12 ಅಡಿಯೇ ಆದರೆ ಎರಡೂ ದಿಕ್ಕಿನ ಉಬ್ಬು ಒಂದೇ ಹರ್ಟ್ಸಿಗೆ ಬೀಳುತ್ತದೆ. ಗೂಂಯ್ ಅನ್ನುವುದು ಅದೇ. ಮೂಲೆಯಲ್ಲಿಟ್ಟರೆ ಇನ್ನೂ ಜಾಸ್ತಿ. ಇದಕ್ಕೆ ಒಂದು ಹಳೆಯ ಉಪಾಯ ಇದೆ: ಸಬ್‌ವೂಫರನ್ನು ಕೂರುವ ಕುರ್ಚಿಯ ಮೇಲಿಟ್ಟು, ಒಂದೇ ಸಮನೆ ಬರುವ ದಪ್ಪ ಸದ್ದು ಹಾಕಿ, ನೀವು ಗೋಡೆಯುದ್ದಕ್ಕೂ ಅಂಬೆಗಾಲಿಟ್ಟು ಹೋಗುತ್ತಾ ಎಲ್ಲಿ ಹಿತವಾಗಿ ಕೇಳುತ್ತದೋ ಅಲ್ಲಿ ಅದನ್ನು ಇಡಬೇಕು. ನಾನು ಹಾಗೆ ತೆವಳುವಾಗ ಅಮ್ಮ ಬಂದು ಏನು ಕಳೆಯಿತು ಅಂತ ಕೇಳಿದಳು. ಬಲಗೋಡೆಯ ನಡುವಿಗಿಂತ ಸ್ವಲ್ಪ ಈಚೆ ಜಾಗ ಸಿಕ್ಕಿತು. ಆಮೇಲೆ ಹಿಂದಿನ ಮೂಲೆಯಲ್ಲಿ ಚಾಲಿ ಅಡಿಕೆಯ ಚೀಲಗಳನ್ನು ತಂದು ಒಟ್ಟಿದರು, ನನ್ನನ್ನು ಕೇಳದೆ. ಸಿಟ್ಟು ಬಂತು. ರಾತ್ರಿ ಸಿನಿಮಾ ಹಾಕಿದರೆ ಗೂಂಗಾಟ ಕಡಿಮೆ ಅನ್ನಿಸಿತು. ಅಳತೆ ಮಾಡಿ ಹೇಳುತ್ತಿಲ್ಲ, ನನ್ನ ಕಿವಿಯ ಮಾತು ಇದು. ಆದರೆ ಆ ಅಡಿಕೆ ಮಾರಿದ ಮೇಲೆ ಖಾಲಿ ಮೂಲೆ ಸಹಿಸಲಾಗದೆ ಹಳೆಯ ಹಾಸಿಗೆ ಸುತ್ತಿ ನಿಲ್ಲಿಸಿದ್ದೇನೆ. ಅಂಗಡಿಯಲ್ಲಿ ಸಿಗುವ ತೆಳ್ಳಗಿನ ಫೋಮ್ ಹಾಳೆ ಈ ಕೆಲಸಕ್ಕೆ ಬರುವುದಿಲ್ಲ, ಮೊಟ್ಟೆಯ ಟ್ರೇ ಅಂತೂ ಬೇಡವೇ ಬೇಡ. ದಪ್ಪ ಸದ್ದಿಗೆ ದಪ್ಪ ಸಾಮಾನೇ ಬೇಕು. ಪ್ರತಿಧ್ವನಿಗೆ ಸಿಮೆಂಟಿನ ನೆಲದ ಮೇಲೆ ಒಂದು ಜಮಖಾನ, ಅದರ ಮೇಲೆ ಒಂದು ಕಂಬಳಿ. ಸಾಕು.

ಇನ್ನು ಮಲೆನಾಡಿನಲ್ಲಿ ಇಂಥ ಕೋಣೆ ಇಟ್ಟುಕೊಳ್ಳುವ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ, ಚಪ್ಪಲಿ, ಪುಸ್ತಕಕ್ಕೆ ಹಿಡಿಯುವ ಬೂಸು ಪರದೆಗೂ ಹಿಡಿಯುತ್ತದೆ. ಸುತ್ತಿಟ್ಟರೆ ಖಂಡಿತ. ವಾರಕ್ಕೊಮ್ಮೆಯಾದರೂ ಬಿಚ್ಚಿ, ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಪ್ರೊಜೆಕ್ಟರನ್ನು ಅರ್ಧ ತಾಸು ಉರಿಸುತ್ತೇನೆ. ಅದರದ್ದೇ ಬಿಸಿಗೆ ಒಳಗಿನ ತೇವ ಆರುತ್ತದೆ. ಎವಿಆರಿಗೆ ಈ ತೊಂದರೆ ಇಲ್ಲ, ದಿನಾ ಓಡುತ್ತದೆ, ಸದಾ ಬೆಚ್ಚಗಿರುತ್ತದೆ. ತೊಂದರೆ ಏನೆಂದರೆ ಬೆಕ್ಕಿಗೂ ಅದು ಗೊತ್ತು. ಗಾಳಿಕಂಡಿಯ ಮೇಲೆ ಮಲಗಿಬಿಡುತ್ತದೆ. ಈಗ ಸುತ್ತ ತಂತಿ ಬಲೆಯ ಪೆಟ್ಟಿಗೆ ಇದೆ. ಸ್ಪೀಕರ್ ವೈರನ್ನು ಇಲಿ ಕಡಿದ ಮೇಲೆ ಪಿವಿಸಿ ಪೈಪಿನೊಳಗೆ ಹಾಕಿಸಿದೆ. ಮೊದಲೇ ಪೈಪಿನಲ್ಲಿ ಹಾಕಿ ಅಂತ ವೈರಿಂಗಿನವನಿಗೆ ಹೇಳಿದ್ದೆ, ಕೇಳಿರಲಿಲ್ಲ.

ಗುಡುಗು ಶುರುವಾದರೆ ಎಲ್ಲ ಪ್ಲಗ್ ಕಿತ್ತಿಡುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಇಲ್ಲಿ ಕರೆಂಟಿನ ಪ್ಲಗ್ ಒಂದೇ ಅಲ್ಲ, ಡಿಶ್ಶಿನ ಕೇಬಲ್, ಇಂಟರ್ನೆಟ್ ರೂಟರಿನಿಂದ ಬರುವ ತಂತಿ ಎಲ್ಲವನ್ನೂ ಕೀಳಬೇಕು. ಮಿಂಚು ಯಾವ ದಾರಿಯಿಂದಲೂ ಬರಬಹುದು. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಎಲ್ಲ ಸೇರಿಸಿದ್ದೇನೆ, ಒಂದು ಕಿತ್ತರೆ ಕರೆಂಟಿನ ಲೆಕ್ಕ ಮುಗಿಯಿತು. ಕರೆಂಟ್ ಹೋದಾಗ ಇನ್ವರ್ಟರ್ ಇದೆ, ಆದರೆ ಹಳೆಯದು ಸ್ಕ್ವೇರ್ ವೇವ್‌ನದಾಗಿತ್ತು, ಸ್ಪೀಕರಿನಲ್ಲಿ ಗುಯ್ ಅನ್ನುತ್ತಿತ್ತು. ಸೈನ್ ವೇವ್‌ನದು ಹಾಕಿದ ಮೇಲೆ ನಿಂತಿತು. ಲ್ಯಾಂಪ್ ಪ್ರೊಜೆಕ್ಟರಿಗೂ ಇನ್ವರ್ಟರ್ ಬೇಕೇ ಬೇಕು. ಬಿಸಿ ಲ್ಯಾಂಪ್ ಇರುವಾಗ ಫ್ಯಾನ್ ತಟ್ಟನೆ ನಿಂತರೆ ಲ್ಯಾಂಪಿಗೆ ಒಳ್ಳೆಯದಲ್ಲ.

ಒಂದು ಲಕ್ಷ ಇಟ್ಟುಕೊಂಡು ಶುರು ಮಾಡುವವರು ನನ್ನನ್ನು ಕೇಳಿದರೆ: ಮನೆಯಲ್ಲಿರುವ ಟಿವಿಯನ್ನೇ ಇಟ್ಟುಕೊಳ್ಳಿ. ಒಂದು ಎವಿಆರ್, ಮುಂದಿನ ಮೂರು ಸ್ಪೀಕರ್ ತಗೊಳ್ಳಿ, ಅದರಲ್ಲೂ ಸೆಂಟರನ್ನು ನಿಮ್ಮ ಕೈಗೆಟುಕುವ ಅತ್ಯುತ್ತಮದ್ದನ್ನು. ಅಂಗಡಿಯಲ್ಲಿ ಕಾರ್ ರೇಸಿನ ಡೆಮೋ ಹಾಕಿದರೆ ತಲೆ ಆಡಿಸಬೇಡಿ. ನಿಮ್ಮದೇ ಪೆನ್‌ಡ್ರೈವಿನಲ್ಲಿ ಬರೀ ಮಾತಿರುವ ಏನನ್ನಾದರೂ ಒಯ್ದು, ಸಣ್ಣ ವಾಲ್ಯೂಮಿನಲ್ಲಿ ಹಾಕಿಸಿ ಕೇಳಿ. ಸಬ್‌ವೂಫರ್, ಹಿಂದಿನ ಸ್ಪೀಕರ್ ಮುಂದಿನ ವರ್ಷಕ್ಕೂ ಆದೀತು.

ಪ್ರೊಜೆಕ್ಟರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರ ಬದಲು 18 ಪರ್ಸೆಂಟ್ ಆಗಿದೆ. ಲೇಸರಿನದು ತಗೊಳ್ಳೋಣ ಅಂತ ತಂಗಿ ಹೇಳುತ್ತಿದ್ದಾಳೆ. ನಾನು ಒಪ್ಪಿಲ್ಲ. ನಮ್ಮಲ್ಲಿ ಕೊನೆಗೂ ಬಗೆಹರಿಯದ ಒಂದೇ ತೊಂದರೆ ತಗಡಿನ ಮೇಲೆ ಬೀಳುವ ಮಳೆ. ಜುಲೈನಲ್ಲಿ ಜೋರು ಮಳೆ ಹೊಡೆದರೆ 3 ಡೆಸಿಬಲ್ಲೂ ಇಲ್ಲ, 6 ಡೆಸಿಬಲ್ಲೂ ಇಲ್ಲ, ಅಪ್ಪ ಕೈಸನ್ನೆ ಮಾಡಿ ನಿಲ್ಲಿಸು ಅನ್ನುತ್ತಾನೆ. ತಾಳಮದ್ದಳೆಯ ಕಾಲವೂ ಅದೇ, ಮಳೆಯ ಕಾಲವೂ ಅದೇ. ಹಾಗಾಗಿ ಮುಂದಿನ ಖರ್ಚು ಸೀಲಿಂಗಿಗೆ: ಪಿವಿಸಿ ಬಿಚ್ಚಿ, ಶೀಟಿನ ಕೆಳಗೆ ಸದ್ದು ಹೀರುವ ರಾಕ್‌ವೂಲ್ ತುಂಬಿ, ಅದರಡಿ ಭಾರದ ಸಿಮೆಂಟ್ ಬೋರ್ಡ್. ಕೆಲಸದವರು ದೀಪಾವಳಿ ಕಳೆದ ಮೇಲೆ ಬರುತ್ತೇವೆ ಅಂದಿದ್ದಾರೆ.